ಎರಡು ಸಾವಿರ ಲಿಂಕ್, ಒಂದು ಮಾತು

"ಈ ಪೇಜ್ ಬರ್ದಿದ್ದು ಯಾರು ಸಾರ್? ಒಂದ್ಸಲ ಅವ್ರ ಮುಖ ನೋಡ್ಬೇಕು ನಾನು!"

ಅಂಗಡಿಗಳಿಗೆ ವೆಬ್‌ಸೈಟ್ ಬರೆದುಕೊಡುವ, ಬಿಟಿಎಂ ಲೇಔಟಿನ ಆ ಪುಟ್ಟ ಆಫೀಸಿನಲ್ಲಿ ಕೀಬೋರ್ಡುಗಳ ಸದ್ದು ಗಕ್ಕನೆ ನಿಂತಿತು. ಬಾಗಿಲಲ್ಲಿ ನಿಂತವನ ತೋಳಿಗೆ ಗ್ರೀಸ್ ಮೆತ್ತಿತ್ತು. ಕೈಯಲ್ಲಿ ತನ್ನ ವೆಬ್‌ಸೈಟಿನ ಒಂದು ಪ್ರಿಂಟ್‌ಔಟ್. ತಾವರೆಕೆರೆಯ ಬೋರ್‌ವೆಲ್ ಮೋಟರ್ ರಿಪೇರಿ ಅಂಗಡಿಯ ಶಶಿಧರ್ ಅವನು.

"ಒಂದೇ ಪುಟದಲ್ಲಿ 'ಬೆಸ್ಟ್ ಬೋರ್‌ವೆಲ್ ಮೋಟರ್ ಬ್ಯಾಂಗಲೋರ್' ಅಂತ ನಲವತ್ತೇಳು ಸಲ ಇದೆ. ಎಣಿಸಿದೀನಿ! ಕಸ್ಟಮರ್ ಒಬ್ರು ಓದಿ, ನಿಮಗೆ ತಲೆ ಕೆಟ್ಟಿದೆಯಾ ಅಂತ ಕೇಳಿದ್ರು ನನ್ನ!"

ಮೂಲೆಯ ಕುರ್ಚಿಯಿಂದ ಒಬ್ಬಳು ಎದ್ದು ನಿಂತಳು.

"ನಾನ ಬರದೀನ್ರಿ. ನೋಡ್ರಿ ಮುಖ!"

ಶಶಿಧರ್ ನೋಡಿದ. ನೋಡಿದವನು ಬಯ್ಯಲು ತಂದಿದ್ದ ಮಾತೆಲ್ಲ ಮರೆತ.

ಶೈಲಶ್ರೀ ನರಗುಂದದವಳು. ದಿನಕ್ಕೆ ಇಪ್ಪತ್ತು ಲೇಖನ ಬರೆಯುವುದು ಅವಳ ಕೆಲಸ. ಬೆಳಿಗ್ಗೆ ಮೋಟರ್, ಮಧ್ಯಾಹ್ನ ಮದುಮಗಳ ಮೇಕಪ್, ಸಂಜೆ ಮೂಲವ್ಯಾಧಿ! ಯಾವುದರ ತಲೆಬುಡವೂ ಗೊತ್ತಿಲ್ಲದೆ ಬರೆದು ಬರೆದು ಅವಳಿಗೆ ತನ್ನ ಮೇಲೇ ಬೇಸರ ಬಂದಿತ್ತು.

"ನಿಮಗಿಂತ ಹೆಚ್ಚು ನನಗ ನಾಚಿಕಿ ಆಗೇತಿ. ಹಿಂಗ ಬರಿಯೋದು ಬ್ಯಾಡ ಅಂತ ಮೂರು ಸಲ ಹೇಳೀನಿ. ಕೇಳಿದವ್ರು ಯಾರು?"

"ಶೈಲಶ್ರೀ, ಕೂತ್ಕೊಳ್ಳಿ!" ಮಾಲೀಕ ರಾಮಪ್ರಸಾದ ಗುಡುಗಿದ. "ಗೂಗಲ್‌ನಲ್ಲಿ ಮೊದಲ ಪುಟಕ್ಕೆ ಬರ್ಬೇಕಂದ್ರೆ ಹೀಗೇ ಬರೀಬೇಕು. ಹೊರಗಿನ ಸೈಟ್‌ಗಳಿಂದ ದುಡ್ಡು ಕೊಟ್ಟು ಸಾವಿರಾರು ಲಿಂಕ್ ಹಾಕಿಸ್ಬೇಕು. ಇದು ಪ್ರಬಂಧ ಸ್ಪರ್ಧೆ ಅಲ್ಲ."

"ಒಂದ ವಿಷಯ ಹಿಡಿದು, ಅದರಾಗ ಜನ ಕೇಳೋ ಒಂದು ಪ್ರಶ್ನೀನೂ ಬಿಡದಂಗ ಬರದ್ರ, ಒಂದು ಲಿಂಕೂ ಕೊಳ್ಳದ ಮೊದಲ ಪುಟಕ್ಕ ಬರತೇತಿ ಸರ್."

"ತಂದು ತೋರ್ಸಿ ನೋಡೋಣ!"

"ದೀಪಾವಳಿಯೊಳಗ ತೋರಸ್ತೀನಿ! ಆಗಲಿಲ್ಲಂದ್ರ ಈ ಊರ ಬ್ಯಾಡ, ನರಗುಂದದ ಬಸ್ ಹತ್ತತೀನಿ."

ಅದು ಎರಡು ಸಾವಿರದ ಎಂಟರ ಯುಗಾದಿ ಕಳೆದ ವಾರ. ಬ್ಯಾಗು ಹೆಗಲಿಗೇರಿಸಿ ಅರ್ಧ ಮೆಟ್ಟಿಲು ಇಳಿದ ಮೇಲೆ ಅವಳಿಗೆ ಹೊಳೆಯಿತು… ಅಯ್ಯೋ, ಕೆಲಸ ಹೋಯಿತಲ್ಲ!

"ಮೇಡಂ…" ಹಿಂದಿನಿಂದ ಶಶಿಧರ್ ಓಡಿ ಬಂದ. "ಯಾರ ಸೈಟ್ ಇಟ್ಕೊಂಡು ತೋರಿಸ್ತೀರಾ?"

ಅವಳು ತಿರುಗಿ ದಿಟ್ಟಿಸಿದಳು.

"ನಿಮ್ಮದ!"

*

ಬೆಳಿಗ್ಗೆ ಮಡಿವಾಳದ ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳುವುದು, ಮಧ್ಯಾಹ್ನದಿಂದ ಮೋಟರ್ ಅಂಗಡಿ. ಶೈಲಶ್ರೀಯ ದಿನಚರಿ ಹೀಗಾಯಿತು.

ಅಂಗಡಿಯ ಫೋನಿನ ಪಕ್ಕ ಅವಳೊಂದು ನೋಟ್‌ಬುಕ್ ಇಟ್ಟಳು. ಕಸ್ಟಮರ್ ಕೇಳಿದ ಪ್ರಶ್ನೆಯನ್ನು ಅವರದೇ ಮಾತಿನಲ್ಲಿ ಅದರಲ್ಲಿ ಬರೆಯಬೇಕು, ತಿದ್ದಬಾರದು. ಮೋಟರ್ ಗುಂಯ್ ಅನ್ನುತ್ತೆ, ನೀರು ಬರಲ್ಲ, ಯಾಕೆ? ಮಳೆ ಬಂದ ಮೇಲೆ ಕೆಂಪು ನೀರು ಬರ್ತಿದೆ, ಏನು ಮಾಡೋದು? ಒಂದು ಪ್ರಶ್ನೆಗೆ ಒಂದು ಪುಟ. ಶಶಿಧರ್ ಬಾಯಲ್ಲಿ ಹೇಳುವನು, ಅವಳು ಸರಳ ಇಂಗ್ಲಿಷಿನಲ್ಲಿ ಬರೆಯುವಳು. ಗುಂಯ್ ಅನ್ನುವ ಪುಟದಿಂದ ಕೆಪಾಸಿಟರ್ ಪುಟಕ್ಕೆ, ಅಲ್ಲಿಂದ ವೋಲ್ಟೇಜ್ ಪುಟಕ್ಕೆ ದಾರಿ. ಓದುವವರು ಉತ್ತರ ಸಿಗದೆ ಹೊರಗೆ ಹೋಗಬಾರದು!

"ಕೆಪಾಸಿಟರ್ ಬದಲಾಯಿಸಿದ್ರೆ ಸಾಕು ಅಂತ ಬರೆದ್ರೆ ಹೊಸ ಮೋಟರ್ ಯಾರಮ್ಮ ತಗೋತಾರೆ?" ಶಶಿಧರನ ಅಪ್ಪ ತಿಮ್ಮರಾಯಪ್ಪ ಗೊಣಗಿದರು.

"ಸುಳ್ಳು ಹೇಳದ ಅಂಗಡಿ ಹುಡುಕಿಕೊಂಡು ಬರೋರು ತಗೋತಾರ್ರಿ!"

ಮರುದಿನ ಅವರೇ ಅವಳಿಗೆಂದು ಒಂದು ಒಳ್ಳೆಯ ಕುರ್ಚಿ ತಂದರು.

ಪೈಪಿಗೆ ಕಿವಿಯಿಟ್ಟು, ಕಣ್ಣು ಮುಚ್ಚಿ, ಎಷ್ಟು ಅಡಿ ಕೆಳಗೆ ಏನಾಗಿದೆ ಎಂದು ಹೇಳುತ್ತಿದ್ದ ಶಶಿಧರ್. ಆ ಮುಖವನ್ನು ಶೈಲಶ್ರೀ ಕದ್ದು ನೋಡುತ್ತಿದ್ದಳು.

'ಇಷ್ಟು ತಿಳಿದಾಂವ ಎಷ್ಟು ಮೆತ್ತಗ ಮಾತಾಡ್ತಾನ… ನನಗ್ಯಾಕ ಇದೆಲ್ಲ? ಕೆಲಸ ನೋಡು ಶೈಲಾ!'

ಗಣೇಶನ ಹಬ್ಬದ ಹೊತ್ತಿಗೆ ಎಂಬತ್ತಮೂರು ಪುಟಗಳಾಗಿದ್ದವು. ಸೈಟು ಗೂಗಲ್‌ನಲ್ಲಿ ಎರಡನೇ ಪುಟಕ್ಕೆ ಬಂದಿತ್ತು!

"ಇನ್ನೊಂದು ಪುಟ ಅಷ್ಟೇ ಮೇಡಂ," ಎಂದ ಶಶಿಧರ್.

"ದೀಪಾವಳಿಗೆ ಇನ್ನೂ ಎಂಟು ವಾರ ಐತಿ. ಬರತೇತಿ."

ಅವನು ನಗಲಿಲ್ಲ. ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ಅದು ಅವಳ ಗಮನಕ್ಕೆ ಬರಲಿಲ್ಲ.

*

ಎರಡು ವಾರಕ್ಕೆ ಸೈಟು ಮಾಯವಾಯಿತು.

ಎರಡನೇ ಪುಟದಲ್ಲಿಲ್ಲ, ಹತ್ತನೆಯದರಲ್ಲೂ ಇಲ್ಲ. ಶೈಲಶ್ರೀ ತಡಕಾಡಿದಾಗ ಕಾರಣ ಕಂಡಿತು. ಎಲ್ಲೆಲ್ಲಿಯದೋ ಜೂಜಿನ ಸೈಟು, ತೂಕ ಇಳಿಸುವ ಮಾತ್ರೆಯ ಸೈಟುಗಳಿಂದ ತನ್ನ ಸೈಟಿಗೆ ಎರಡು ಸಾವಿರ ಲಿಂಕ್! ಇಂಥ ಕೊಂಡ ಲಿಂಕ್‌ಗಳನ್ನು ಕಂಡೇ ಗೂಗಲ್ ಸೈಟನ್ನು ಹೊರಗೆ ಹಾಕಿತ್ತು.

ಅವಳು ನೇರ ರಾಮಪ್ರಸಾದನಿಗೆ ಫೋನ್ ಮಾಡಿದಳು.

"ನನ್ನ ಸೋಲಸಾಕ ಇಷ್ಟು ಕೆಳಗ ಇಳದ್ರೇನ್ರಿ?"

"ನಾನ್ಯಾಕಮ್ಮ ಮಾಡ್ಲಿ?" ಅವನು ನಕ್ಕ. "ನಿಮ್ಮ ಶಶಿಧರೇ ಬಂದು ಆರ್ಡರ್ ಕೊಟ್ಟು ಹೋದ. ಕೇಳ್ನೋಡಿ."

ಅಂಗಡಿಯಲ್ಲಿ ಶಶಿಧರ್ ತಲೆಯೆತ್ತಲಿಲ್ಲ.

"ಹೌದು ಮೇಡಂ. ನಾನೇ ಹಾಕಿಸ್ದೆ."

"ಎಲ್ಲಾರೂ ಬಿಡ್ರಿ… ನೀವೊಬ್ರು ನನ್ನ ನಂಬೀರಿ ಅನ್ಕೊಂಡಿದ್ದೆ!" ಅವಳು ನೋಟ್‌ಬುಕ್ ಎತ್ತಿಕೊಂಡಳು. "ಅವನ ಮಾತ ನಿಮಗ ಖರೇ ಅನಿಸ್ತು, ಅಲ್ಲೇನು?"

"ಹಾಗಲ್ಲ, ನಾನು…"

ನೋಟ್‌ಬುಕ್ಕನ್ನು ಕುರ್ಚಿಯ ಮೇಲಿಟ್ಟು ಅವಳು ಹೊರಟುಹೋದಳು. ಕಣ್ಣೀರು ಬಿದ್ದದ್ದು ಉಡುಪಿ ಗಾರ್ಡನ್ ಸಿಗ್ನಲ್ ದಾಟಿದ ಮೇಲೆ. ಅವನೆದುರು ಅಳುವ ಹುಡುಗಿಯಲ್ಲ ಅವಳು!

*

ದೀಪಾವಳಿಗೆ ಮೂರು ದಿನ. ನರಗುಂದದ ಟಿಕೆಟ್ ಪರ್ಸಿನಲ್ಲಿತ್ತು. ಕಂಪ್ಯೂಟರ್ ಕ್ಲಾಸಿನಲ್ಲಿ ಅಂದು ಕೊನೆಯ ಪಾಠ, ಗೂಗಲ್‌ನಲ್ಲಿ ಹುಡುಕುವುದು ಹೇಗೆ ಎಂದು. ಜಯನಗರದಿಂದ ಬರುತ್ತಿದ್ದ ಪಾರ್ವತಮ್ಮ ಒಂದೊಂದೇ ಅಕ್ಷರ ಒತ್ತಿ, ತಮ್ಮ ಮನೆಯ ಮೋಟರ್ ಗುಂಯ್ ಅನ್ನುವ ಕಷ್ಟವನ್ನೇ ಇಂಗ್ಲಿಷಿನಲ್ಲಿ ಟೈಪಿಸಿದರು.

"ಮಿಸ್, ಮೊದಲ್ನೇದೇ ನಮ್ಮ ಮೋಟರ್ ಶಶಿ ಅಂಗಡಿ ಬಂತು!"

ಶೈಲಶ್ರೀ ಧಾವಿಸಿ ಬಂದು ನೋಡಿದಳು. ಮೊದಲ ಪುಟ. ಮೊದಲ ಸಾಲು! ಸೈಟು ತೆರೆದಳು. ಅವಳು ಬರೆಯದ ಒಂದು ಪುಟ ಅಲ್ಲಿತ್ತು. ತಪ್ಪುತಪ್ಪು ಇಂಗ್ಲಿಷ್. ಕೊನೆಯಲ್ಲಿ ಕನ್ನಡ.

'ಈ ಸೈಟಿನ ಉತ್ತರಗಳನ್ನು ಬರೆದವರು ಶೈಲಶ್ರೀ. ಅವರಿಗೆ ಹೇಳದೆ ನಾನು ಲಿಂಕ್ ಕೊಂಡೆ. ಮಾರಿದವರ ಆಫೀಸಿನಲ್ಲಿ ಒಂಬತ್ತು ದಿನ ಕೂತು ಎಲ್ಲವನ್ನೂ ತೆಗೆಸಿದೆ. ಗೂಗಲ್‌ಗೂ ತಪ್ಪೊಪ್ಪಿ ಬರೆದೆ. ಶೈಲಶ್ರೀ ಹೇಳಿದ್ದೇ ಸರಿ. ತಪ್ಪು ನನ್ನದು. ಶಶಿಧರ್.'

ಅವಳು ಗೂಗಲ್‌ನ ಆ ಮೊದಲ ಪುಟವನ್ನು ಪ್ರಿಂಟ್ ತೆಗೆದಳು. ಬಿಟಿಎಂನ ಹಳೆಯ ಮೆಟ್ಟಿಲು ಹತ್ತಿ ರಾಮಪ್ರಸಾದನ ಮೇಜಿನ ಮೇಲಿಟ್ಟಳು.

"ದೀಪಾವಳಿಗೆ ಇನ್ನೂ ಮೂರು ದಿನ ಐತ್ರಿ ಸರ್. ಈಗ ಇದಕ್ಕ ಕೊಂಡ ಲಿಂಕ್ ಒಂದಾದ್ರೂ ಐತೇನು, ಹುಡುಕ್ರಿ!"

ಅವನು ಪ್ರಿಂಟ್‌ಔಟ್ ಎತ್ತಿಕೊಂಡು ನೋಡತೊಡಗಿದ. ಅವಳು ಉತ್ತರಕ್ಕೆ ಕಾಯದೆ ಹೊರಟಳು.

ಅಂಗಡಿಯಲ್ಲಿ ಶಶಿಧರ್ ಒಬ್ಬನೇ ಇದ್ದ. ಅವಳ ಕುರ್ಚಿ ಖಾಲಿಯಿತ್ತು, ಅದರ ಮೇಲೆ ನೋಟ್‌ಬುಕ್ ಹಾಗೇ ಇತ್ತು.

"ಯಾಕ ಹಂಗ ಮಾಡಿದ್ರಿ? ಇವತ್ತು ಹೇಳಲೇಬೇಕು."

ಅವನು ಕೈ ಒರೆಸಿಕೊಂಡ.

"ಸೈಟ್ ಮೇಲೆ ಅನುಮಾನ ಇರ್ಲಿಲ್ಲ ಮೇಡಂ. ದೀಪಾವಳಿ ಮೇಲೆ ಭಯ ಇತ್ತು… ಒಂದು ದಿನ ತಡ ಆದ್ರೂ ನೀವು ಬಸ್ ಹತ್ತಿಬಿಡ್ತೀರಲ್ಲ. ನೀವು ಹೋಗ್ಬಾರ್ದಿತ್ತು. ಅದಕ್ಕೇ ತಗೊಂಡೆ."

ಶೈಲಶ್ರೀಯ ಕಣ್ಣು ತುಂಬಿತು. ಈ ಸಲ ಅವಳು ಮುಚ್ಚಿಡಲಿಲ್ಲ.

"ಎರಡು ಸಾವಿರ ಲಿಂಕ್ ತಗೊಂಡ್ರಿ… 'ಹೋಗಬ್ಯಾಡ' ಅಂತ ಒಂದು ಮಾತು ಅನ್ನಾಕ ಏನಾಗಿತ್ರೀ ನಿಮಗ?"

"ಅಂದಿದ್ರೆ ಇರ್ತಿದ್ರಾ?"

"ಅಂದು ನೋಡಬೇಕಿತ್ತು!"

"ಹೋಗ್ಬೇಡ ಶೈಲಾ…"

ಅವಳು ಪರ್ಸಿನಿಂದ ಟಿಕೆಟ್ ತೆಗೆದಳು.

"ನಾಳೆ ಬಸ್ ಅಂತೂ ಹತ್ತಾಕಿನ ನಾನು."

ಅವನ ಮುಖ ಬಾಡಿತು.

"ಹಬ್ಬಕ್ಕ ಅವ್ವನ ನೋಡಬೇಕು. ಮತ್ತ ನಿಮ್ಮ ವಿಷಯನೂ ಹೇಳಬೇಕಲ್ಲ? ಇನ್ನೊಂದು ಟಿಕೆಟ್ ತಗೋರಿ, ನೀವ ಬಂದು ಹೇಳ್ರಿ!"

"ನಾನಾ? ಅಮ್ಮನ ಹತ್ರ ಏನಂತ ಹೇಳ್ಲಿ?"

ಶೈಲಶ್ರೀ ನೋಟ್‌ಬುಕ್ ಎತ್ತಿಕೊಂಡು ತನ್ನ ಕುರ್ಚಿಯಲ್ಲಿ ಕುಳಿತಳು.

"ಇದ್ದದ್ದು ಇದ್ದಂಗ ಹೇಳ್ರಿ. ಲಿಂಕ್ ಹಾಕಿಸಿದಂಗ ಈ ಸಲ ಯಾರ ಕಡೆಯಿಂದನೂ ಹೇಳಸಬ್ಯಾಡ್ರಿ."