ನಾರುಹುಣ್ಣಿನ ಹದಿನೇಳು ಸಾಕ್ಷಿಗಳು

"ಇದನ್ನ ನಾ ಟೈಪ್ ಮಾಡೂದಿಲ್ರಿ, ಬಾಯಾರ."

ಗುಂಡವ್ವನಿಗೆ ಸಿಟ್ಟು ನೆತ್ತಿಗೇರಿತು.

ಮೇ ತಿಂಗಳ ಬಿಸಿಲು. ಇಂಡಿ ಕೋರ್ಟಿನ ಬೇವಿನ ಮರದ ಕೆಳಗೆ ಒಂದು ತಾಸು ನಿಂತಿದ್ದಳು. ಹೊಲದ ಬದುವಿನ ಜಗಳದ ಎರಡು ಅರ್ಜಿ, ಗಂಡನನ್ನು ಬಿಟ್ಟುಬಂದವಳ ಒಂದು ಅರ್ಜಿ ಮುಗಿದ ಮೇಲೆ ಅವಳ ಪಾಳಿ ಬಂದಿತ್ತು. ಈ ಟೈಪಿಸ್ಟ್ ಅವಳ ನಲವತ್ತು ಹಾಳೆಗಳನ್ನು ಒಂದೊಂದಾಗಿ ಓದಿ, ಮಟ್ಟಸವಾಗಿ ಜೋಡಿಸಿ, ಅವಳ ಮುಂದೆಯೇ ಸರಿಸಿ ಹೇಳಿದ ಮಾತು ಇದು.

"ಯಾಕ? ಇಂಗ್ಲಿಷ್ ಬರೂದಿಲ್ಲೇನು?"

"ಇಂಗ್ಲಿಷ್ ಬರ್ತೈತಿ. ಇದರಾಗ ಏನೂ ಇಲ್ಲ, ಅದಕ್ಕ."

ಅವನ ಹೆಸರು ಧರೆಪ್ಪ. ಅಗರಖೇಡದವನು, ಮೂವತ್ತರ ಆಸುಪಾಸು. ಓದಿದ್ದು ಮ್ಯಾಟ್ರಿಕ್. ಎಂಟು ವರ್ಷದಿಂದ ಇದೇ ಮರದ ಕೆಳಗೆ ಮಂದಿಯ ಜಗಳಗಳನ್ನು ಟೈಪ್ ಮಾಡುತ್ತ ಬಂದಿದ್ದ.

"ಹದಿನೇಳು ಮಂದಿ ಡಾಕ್ಟರು, ಹದಿನೇಳು ಪ್ಯಾರಾ," ಅವನು ಹಾಳೆಯ ಮೇಲೆ ಬೆರಳಿಟ್ಟ. "ಇವ ಹಿಂಗಂದ, ಅವ ಹಂಗಂದ. ನೀವೇನಂದ್ರಿ? ಅದೇ ಇಲ್ಲ. ಜಜ್ಜಸಾಹೇಬ್ರು ಸಾಕ್ಷಿ ಎಲ್ಲಾ ಕೇಳಿ ತೀರ್ಪ ಕೊಡಲಾರದ ಊಟಕ್ಕ ಎದ್ದು ಹೋದಂಗಾತು."



ಕಾಲೇಜಿನ ಪ್ರೊಫೆಸರಮ್ಮನೂ ಇದನ್ನೇ ಬರೆದಿದ್ದರು. ಕೆಂಪು ಶಾಯಿಯಲ್ಲಿ, ಎರಡು ಸಲ: 'ಇದು ಪಟ್ಟಿ, ಸಮೀಕ್ಷೆಯಲ್ಲ.'

ತಾಂಬಾದ ಗುಂಡವ್ವ ನಾಲ್ಕು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿ, ಈಗ ದೂರದ ಶಹರದ ಕಾಲೇಜಿನಲ್ಲಿ ನರ್ಸಿಂಗ್ ಎಂ.ಎಸ್ಸಿ. ಓದುತ್ತಿದ್ದಳು. ವಿಷಯ ನಾರುಹುಣ್ಣು. ಮೆಟ್ಟಿಲು ಬಾವಿಯ ನೀರು ಕುಡಿದವರ ಕಾಲಿನಿಂದ ದಾರದಂಥ ಹುಳ ಹೊರಗೆ ಬರುವ ರೋಗ. ಅವಳ ತಾಯಿ ಹನಮವ್ವ ಇದರಿಂದ ಮೂರು ಬೇಸಿಗೆ ಹಾಸಿಗೆ ಹಿಡಿದಿದ್ದಳು. ಆ ಹುಣ್ಣಿನ ಆರೈಕೆ ಹೇಗಿರಬೇಕೆಂದು ಇದುವರೆಗೆ ಬರೆದವರನ್ನೆಲ್ಲ ಓದಬೇಕು, ಕೂಡಿಸಿ ತೂಗಬೇಕು, ತೂಗಿ ಒಂದು ಮಾತು ಹೇಳಬೇಕು. ಪ್ರಬಂಧವೆಂದರೆ ಇಷ್ಟೇ. ಈ 'ಇಷ್ಟೇ' ಅವಳ ಪ್ರಾಣ ತಿನ್ನುತ್ತಿತ್ತು.

"ನೋಡ್ರಿ, ಇದು ಮೂರನೇ ಸಲ," ಅಂದಳು. "ಇಪ್ಪತ್ತೇಳಕ್ಕ ಸೋಮವಾರ ಮಧ್ಯಾಹ್ನದೊಳಗ ಅವರ ಟೇಬಲ್ ಮ್ಯಾಲ ಇರಬೇಕು. ಈ ಸಲ ತಿರುಗಿ ಬಂತಂದ್ರ ನನ್ನ ಹೆಸರು ಹೊಡದು ಹಾಕ್ತಾರ. ಮತ್ತ ವಾರ್ಡಿಗೆ ಹೋಗಿ ಬೆಡ್‌ಪ್ಯಾನ್ ಎತ್ತಬೇಕು. ನಿಮ್ಮ ಅಭಿಪ್ರಾಯ ನಾ ಕೇಳಿಲ್ಲ. ಹೆಂಗೈತಿ ಹಂಗ ಹೊಡೀರಿ."

ಧರೆಪ್ಪ ಅವಳ ಮುಖ ನೋಡಿದ.

"ಆತ್ರಿ. ಇಪ್ಪತ್ಮೂರಕ್ಕ ಬರ್ರಿ. ಆ ಟಿಪ್ಪಣಿ ಕಾರ್ಡಿನ ಕಟ್ಟೂ ಇಟ್ಟು ಹೋಗ್ರಿ, ಹೆಸರು ತಪ್ಪಬಾರದು."

ತಾಂಬಾದ ಬಸ್ಸಿನಲ್ಲಿ ಕುಳಿತಾಗಲೂ ಅವಳ ಸಿಟ್ಟು ಇಳಿದಿರಲಿಲ್ಲ. ಅವಳು ಬರೆದದ್ದನ್ನು ಇಷ್ಟು ಗಮನವಿಟ್ಟು ಈತನಕ ಯಾರೂ ಓದಿರಲಿಲ್ಲ... ಸಿಟ್ಟು ಇಳಿಯದಿದ್ದುದಕ್ಕೆ ಅದೂ ಒಂದು ಕಾರಣವಾಗಿತ್ತು.

ಇಪ್ಪತ್ಮೂರು, ಗುರುವಾರ. ಬೇವಿನ ಮರದ ಕೆಳಗೆ ಮೇಜಿಲ್ಲ, ಮಷೀನಿಲ್ಲ, ಧರೆಪ್ಪನೂ ಇಲ್ಲ. ಕೋರ್ಟಿಗೆ ಬೇಸಿಗೆ ಸೂಟಿ. ಒಬ್ಬನೇ ಕುಳಿತಿದ್ದ ಹಳೆಯ ಅರ್ಜಿ ಬರಹಗಾರ ರಾವಸಾಬ ಎಲೆ ಅಡಿಕೆ ಹಾಕುತ್ತಿದ್ದ.

"ಧರೆಪ್ಪನಾ? ಮಷೀನ್ ಹೊತ್ಕೊಂಡು ಸಿಂದಗಿಗೆ ಹೋದ."

"ನನ್ನ ಕಾಗದ?"

"ಅವನ್ನೂ ಒಯ್ದಾನ. ಸಾಕ್ಷಿ ವಿಚಾರಣಿ ಐತಿ ಅಂದ."

"ಯಾವ ಸಾಕ್ಷಿ?"

"ಅದನ್ನ ನಾನೂ ಕೇಳಿದ್ನವಾ. ಹುಳದ್ದು ಅಂದ. ಬಿಸಲಾಗ ಹುಡುಗಗ ತಲಿ ಕೆಟ್ಟಿರಬೇಕು ಅಂದ್ಕೊಂಡೆ."

ಇದ್ದದ್ದು ಅದೊಂದೇ ಪ್ರತಿ. ಹದಿನೇಳು ಲೇಖನಗಳಿಂದ ಟಿಪ್ಪಣಿ ಮಾಡಿದ್ದ ಕಾರ್ಡುಗಳೂ ಅವನ ಹತ್ತಿರವೇ ಇದ್ದವು. ಗುಂಡವ್ವ ಸಿಂದಗಿ ಬಸ್ಸು ಹತ್ತಿದಳು.

ಸಿಂದಗಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯ ಗೈಬುಸಾಬನಿಗೆ ಎಲ್ಲ ಗೊತ್ತಿತ್ತು.

"ಮಷೀನಿನವನಾ? ಮೊನ್ನಿ ಇಲ್ಲೇ ಇದ್ನಲ್ರಿ. ನಾರಾದವರ ಮನಿ ಎಲ್ಲೆಲ್ಲಿ ಅದಾವ ಅಂತ ಓಣಿ ಓಣಿ ತಿರಗ್ಯಾಡಿದ. ಈಗ ಮುದ್ದೇಬಿಹಾಳಕ್ಕ ಹೋದ. ನೀವೇನಾಗಬೇಕ್ರಿ ಅವಗ?"

"ಏನೂ ಆಗಬೇಕಿಲ್ಲ."

"ಇಷ್ಟು ಸಿಟ್ಟಾಗೀರಿ ಅಂದ್ರ ಏನರೆ ಆಗಬೇಕು ಬಿಡ್ರಿ," ಎಂದು ಗೈಬುಸಾಬ ಗಿರಾಕಿಗಳ ಕಡೆ ನೋಡಿ ನಕ್ಕ.

ಆ ರಾತ್ರಿ ಹಳೆಯ ಗೆಳತಿಯೊಬ್ಬಳ ಮನೆಯಲ್ಲಿದ್ದು, ಶುಕ್ರವಾರ ಮೊದಲ ಬಸ್ಸಿಗೆ ಮುದ್ದೇಬಿಹಾಳ ಮುಟ್ಟಿದಳು. ಅಲ್ಲಿಯ ದವಾಖಾನೆಯ ಕಂಪೌಂಡರ್ ಸೋಮನಿಂಗ ಹೇಳಿದ, "ನಿನ್ನೆ ಬಂದಿದ್ದ. ಹೆಣ್ಣಮಕ್ಕಳನ್ನ ಸಾಲಾಗಿ ಕೂಡಿಸಿ ಡಾಕ್ಟರಂಗ ಪ್ರಶ್ನಿ ಕೇಳಿದ. ಹುಣ್ಣು ಹಸೀ ಇಟ್ಟಿದ್ರ್ಯೋ ಒಣಾ ಇಟ್ಟಿದ್ರ್ಯೋ ಅಂತ. ಬಾಗೇವಾಡ್ಯಾಗ ಅವರಕ್ಕ ಇದ್ದಾಳಂತ, ಅಲ್ಲಿಗೆ ಹೋದ."

ಡಾಕ್ಟರಂಗ!

ಬಸವನ ಬಾಗೇವಾಡಿಯ ಬಸ್ಸಿನಲ್ಲಿ ಅವಳ ತಲೆ ಏನೇನನ್ನೋ ಯೋಚಿಸಿತು. ನನ್ನ ಕಾಗದ ಹಿಡಿದು ತಾನೇ ದೊಡ್ಡವನೆಂದು ಮೆರೆಯುತ್ತಿದ್ದಾನೆ. ನನ್ನ ವರ್ಷ ಮುಳುಗಿದರೆ ಅವನಿಗೇನು? ಸಿಗಲಿ... ಸಿಗಲಿ ಅವನು.

ಸಿಕ್ಕ. ಅಕ್ಕನ ಮನೆಯ ಕಟ್ಟೆಯ ಮೇಲೆ ಬನಿಯನ್ನಿನಲ್ಲಿ ಕುಳಿತು ಟೈಪ್ ಮಾಡುತ್ತಿದ್ದ. ಅವಳನ್ನು ಕಂಡವನೇ ಅಂಗಿ ಹುಡುಕಲು ಒಳಗೆ ಓಡಿದ.

ಅವನ ಅಕ್ಕ ಸೀತವ್ವ ನೀರಿನ ತಂಬಿಗೆ ಹಿಡಿದು ಬಂದಳು. "ನೀನ ಏನವಾ ಆ ನರ್ಸಬಾಯಿ? ನಿನ್ನೆಯಿಂದ ನಿನ್ನ ಹೆಸರ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಾವ. ಕುಂದ್ರು, ನೀರು ಕುಡಿ. ಬೈಯೂದಿದ್ರ ಆಮ್ಯಾಲ ಬೈ."

ಗುಂಡವ್ವ ನೀರು ಕುಡಿದಳು. ಆಮೇಲೆ ಬೈದಳು. ಇಂಡಿಯಿಂದ ಬಾಗೇವಾಡಿಯ ತನಕ ಒಟ್ಟು ಮಾಡಿದ್ದನ್ನೆಲ್ಲ ಬೈದಳು. ಧರೆಪ್ಪ ಅಂಗಿಯ ಗುಂಡಿಯನ್ನು ತಪ್ಪು ಕಾಜಕ್ಕೆ ಹಾಕಿಕೊಂಡು ನಿಂತು ಕೇಳಿದ.

ಬೈಗಳು ಮುಗಿದ ಮೇಲೆ ಒಂದು ಕಟ್ಟು ಮುಂದಿಟ್ಟ. "ಇದು ನೀವು ಹೇಳಿದಂಗ. ಮೂರು ಪ್ರತಿ. ಹತ್ತೊಂಬತ್ತನೇ ತಾರೀಕಿಗೇ ಮುಗದೈತಿ. ಇಪ್ಪತ್ಮೂರರೊಳಗ ಹೊಳ್ಳಿ ಬರ್ತೇನಿ ಅಂದ್ಕೊಂಡಿದ್ದೆ, ಆಗಲಿಲ್ಲ."

ಅವಳು ಹಾಳೆಗಳನ್ನು ಎಣಿಸಿ ನೋಡಿದಳು.

"ಇದು ನಾ ಮಾಡಿದ್ದು." ಎರಡನೆಯ ಕಟ್ಟು. ಡಾಕ್ಟರಿಗೊಂದು ಪ್ಯಾರಾ ಎಂಬ ಪಾಳಿ ಹೋಗಿತ್ತು. ಅದರ ಬದಲು ಪ್ರಶ್ನೆಗಳಿದ್ದವು. ಮೊದಲ ಪ್ರಶ್ನೆ: ಹುಳವನ್ನು ಎಳೆಯಬೇಕೋ, ತಾನಾಗಿ ಬರಲು ಬಿಡಬೇಕೋ? ಅದಕ್ಕೆ ಯಾರು ಯಾರು ಏನು ಹೇಳಿದರು, ಯಾರು ಎಷ್ಟು ರೋಗಿಗಳನ್ನು ನೋಡಿದ್ದರು, ಎಲ್ಲ ಒಂದೇ ಕಡೆ. ಹೀಗೆ ಆರು ಪ್ರಶ್ನೆ. ಪ್ರತಿಯೊಂದರ ಕೆಳಗೂ ಅವಳ ತೀರ್ಮಾನಕ್ಕೆಂದು ಖಾಲಿ ಬಿಟ್ಟ ಜಾಗ.

"ತೀರ್ಪಿನಾಗ ಹಂಗ ಬರೀತಾರ್ರಿ," ಅವನು ಅಳುಕುತ್ತ ಹೇಳಿದ.

ಒಂದು ವರ್ಷ ಲೈಬ್ರರಿಯಲ್ಲಿ ತಲೆ ಚಚ್ಚಿಕೊಂಡರೂ ಹೊಳೆಯದ ದಾರಿ ಅಲ್ಲಿತ್ತು. ಹೊಗಳಬೇಕೆಂದುಕೊಂಡಳು. ಅಷ್ಟರಲ್ಲಿ ಮೂರನೆಯ ಕಟ್ಟು ಕಣ್ಣಿಗೆ ಬಿತ್ತು.

"ಇದೇನು? ಈ ಹೆಬ್ಬೆಟ್ಟಿನ ಗುರುತು?"

"ಪಂಚನಾಮೆ," ಧರೆಪ್ಪನ ದನಿಯಲ್ಲಿ ಹೆಮ್ಮೆಯಿತ್ತು. "ಒಂಬತ್ತನೇ ಸಾಕ್ಷಿ ಹುಣ್ಣು ಒಣಾ ಇಡ್ರಿ ಅಂತಾನ. ಹನ್ನೆರಡನೇದವ ಹಸೀ ಅರಿವಿ ಕಟ್ರಿ ಅಂತಾನ. ಇಬ್ಬರೂ ಖರೇ ಆಗೂದು ಹೆಂಗ? ಅದಕ್ಕ ಜಾಗಾಕ್ಕ ಹೋಗಿ ಹದಿನಾಲ್ಕು ಮಂದಿ ಹೇಳಿಕಿ ತಗೊಂಡೀನಿ. ಪ್ರತಿಯೊಂದಕ್ಕೂ ಇಬ್ಬರು ಪಂಚರು."

ಗುಂಡವ್ವ ಹಣೆ ಹಿಡಿದುಕೊಂಡಳು.

"ಧರೆಪ್ಪನವರ... ಇದು ಬದುವಿನ ಜಗಳ ಅಲ್ರಿ. ಅಚ್ಚಾದ ಲೇಖನ ಅಷ್ಟ ನಡೀತಾವ. ಹೊರಗಿನ ಸಾಕ್ಷಿ ಒಂದು ಸಾಲು ಕಂಡ್ರೂ ಪ್ರೊಫೆಸರಮ್ಮ ಹರದು ಒಗೀತಾರ."

"ಒಂದೂ ನಡಿಯೂದಿಲ್ಲೇನ್ರಿ?"

"ಒಂದೂ."

ಅವನು ಹೆಬ್ಬೆಟ್ಟಿನ ಹಾಳೆಗಳನ್ನು ನೋಡುತ್ತ ಕುಳಿತ. ಬಿಸಿಲಲ್ಲಿ ತಿರುಗಿ ಅವನ ಮುಖ ಕಪ್ಪಿಟ್ಟಿದ್ದು ಅವಳಿಗೆ ಆಗ ಕಂಡಿತು. ಬೈಯಲು ಇನ್ನೂ ಮಾತುಗಳಿದ್ದವು, ಆದರೆ ಮನಸ್ಸಿರಲಿಲ್ಲ. ಸುಮ್ಮನೆ ಒಂದು ಹಾಳೆ ಎತ್ತಿಕೊಂಡಳು.

ಮುದ್ದೇಬಿಹಾಳದ ಹೊನ್ನವ್ವ ಎಂಬಾಕೆಯ ಹೇಳಿಕೆ ಅದು: 'ಹುಳದ ಎಳಿ ಹೊರಗ ಬರೂ ತನಕ ಹಸಿ. ಪೂರಾ ಬಂದ ಮ್ಯಾಲ ಒಣ. ಎರಡೂ ಒಮ್ಮಿಗೇ ಯಾವ ದಡ್ಡ ಮಾಡ್ತಾನಪ್ಪಾ?'

ಗುಂಡವ್ವ ಮತ್ತೊಮ್ಮೆ ಓದಿದಳು.

ಎಲ್ಲಿ ಕಾರ್ಡುಗಳು? ಒಂಬತ್ತನೆಯದನ್ನು ತೆಗೆದಳು. ಆ ಡಾಕ್ಟರ್ ನೋಡಿದ್ದು ಹುಳ ಪೂರ್ತಿ ಹೋದ ಮೇಲೆ ಬಂದ ರೋಗಿಗಳನ್ನು. ಹನ್ನೆರಡನೆಯವರು ನೋಡಿದ್ದು ಬೊಬ್ಬೆ ಒಡೆದ ಮೊದಲ ವಾರದವರನ್ನು. ಎರಡನ್ನೂ ಅವಳೇ ತನ್ನ ಕೈಯಾರೆ ಬರೆದುಕೊಂಡಿದ್ದಳು. ಒಟ್ಟಿಗಿಟ್ಟು ನೋಡಿರಲಿಲ್ಲ, ಅಷ್ಟೇ.

ಆ ಇಬ್ಬರು ಡಾಕ್ಟರುಗಳು ಜಗಳವಾಡಿಯೇ ಇರಲಿಲ್ಲ.

"ಮಷೀನಿಗೆ ಹಾಳಿ ಹಾಕ್ರಿ," ಅಂದಳು.

"ಪಂಚನಾಮೆ?"

"ಅದು ಇದರಾಗ ಬರೂದಿಲ್ಲ. ಆದ್ರ ಅದನ್ನ ಒಗೀಬ್ಯಾಡ್ರಿ. ಲಗೂ ಹಾಕ್ರಿ ಹಾಳಿ, ನಾಳಿ ಸಂಜೀಗೆ ನಂದು ರೈಲು."

ಶನಿವಾರ ಇಡೀ ದಿನ ಅವಳು ಹೇಳಿದಳು, ಅವನು ಟೈಪ್ ಮಾಡಿದ. ಸೀತವ್ವ ರೊಟ್ಟಿ ತಂದಿಟ್ಟು ಹೋದಳು, ಅದು ಆರಿ ತಣ್ಣಗಾಯಿತು.

"'ಸೆಡ್ ವರ್ಮ್', ಸದರಿ ಹುಳ ಅಂತ ಯಾಕ ಹೊಡದ್ರಿ?"

"ಕೈಗೆ ರೂಢಿ ಆಗೇತ್ರಿ."

"ಅಳಿಸ್ರಿ. ಹುಳದ ಮ್ಯಾಲ ನಾ ಕೇಸ್ ಹಾಕಿಲ್ಲ."

ಕಾರ್ಬನ್ ಹಾಳೆ ತೆಗೆದು ಮೂರೂ ಪ್ರತಿಯಲ್ಲಿ ಉಜ್ಜಿ ಅಳಿಸಿದ. ಬೆರಳುಗಳೆಲ್ಲ ನೀಲಿ. ಅವಳು ನೋಡುತ್ತ ಕುಳಿತು, ತಡೆಯಲಾರದೆ ಕೇಳಿದಳು, "ನಾ ಹೇಳಿದ್ದಷ್ಟ ಹೊಡದು ಕೊಡಬಹುದಿತ್ತಲ್ಲ. ಯಾಕ ಇದೆಲ್ಲಾ?"

"ಸೋಲೂ ಕಾಗದ ಹೊಡಿಯಾಕ ಮನಸ್ಸಾಗಲಿಲ್ಲ."

"ದಿನಾ ಹತ್ತು ಸೋಲೂ ಅರ್ಜಿ ಹೊಡೀತೀರಲ್ಲ?"

"ಅವು ನಿಮ್ಮವಲ್ಲಲ್ರಿ."

ಟೈಪ್‌ರೈಟರಿನ ಸದ್ದು ನಿಂತುಹೋಯಿತು. ಇಬ್ಬರೂ ಹಾಳೆಯನ್ನೇ ನೋಡಿದರು. ಏನೋ ಹೇಳಬೇಕಿತ್ತು... ಹೇಳಿದರೆ ರೈಲು ತಪ್ಪುತ್ತಿತ್ತು.

"ಮುಂದಿನ ಪ್ಯಾರಾ," ಅಂದಳು ಗುಂಡವ್ವ. ದನಿ ಮಾತ್ರ ಮೊದಲಿನಂತಿರಲಿಲ್ಲ.

ಸಂಜೆ ಸ್ಟೇಷನ್ನಿನಲ್ಲಿ ಕಟ್ಟನ್ನು ಅವಳ ಕೈಗಿಡುವಾಗಲೂ ಅವನು ಹೇಳಿದ್ದು ಇಷ್ಟೇ: "ಕಿಡಕಿ ಕಡೆ ಇಡಬ್ಯಾಡ್ರಿ, ಹಾರ್ತಾವ." ಅವಳು ದಾರಿಯುದ್ದಕ್ಕೂ ಅದಕ್ಕೇ ಸಿಟ್ಟಾದಳು. ಎಂಟು ವರ್ಷ ಊರವರ ಮಾತನ್ನೆಲ್ಲ ಟೈಪ್ ಮಾಡಿದವನಿಗೆ ತನ್ನದೊಂದು ಮಾತು ಆಡಲು ಬರುವುದಿಲ್ಲವೇ?

ಜೂನ್ ಎರಡನೆಯ ವಾರ ಕೋರ್ಟು ತೆರೆದಿತ್ತು. ಬೇವಿನ ಮರದ ಕೆಳಗೆ ಆರು ಮಂದಿ ಪಾಳಿ ಹಚ್ಚಿದ್ದರು. ಗುಂಡವ್ವ ಏಳನೆಯವಳಾಗಿ ನಿಂತಳು. ಧರೆಪ್ಪ ತಲೆ ಎತ್ತಿದ. ಅವನ ಬೆರಳು ತಪ್ಪಿ ಎರಡು ಅಕ್ಷರ ಒಂದರ ಮೇಲೊಂದು ಬಿದ್ದವು.

"ಏನಾತ್ರಿ?" ಪಾಳಿಯವರೆಲ್ಲ ಕೇಳುವಂತೆ ಅಲ್ಲಿಂದಲೇ ಕೇಳಿದ.

"ಪಾಸ್. ಈಗ ಇದು ಸಮೀಕ್ಷೆ ಅಂತ ಬರದಾರ. ಮುಂದಿನ ಸಂಶೋಧನಕ್ಕ ಈ ಕಡೆ ಹಳ್ಳಿಗೇ ಹೋಗಿ ಹೆಣ್ಣಮಕ್ಕಳನ್ನ ಕೇಳ್ತೇನಿ ಅಂದೆ. ಅದಕ್ಕೂ ಹೂಂ ಅಂದ್ರು."

ಧರೆಪ್ಪ ಎದ್ದು ನಿಂತ. ಮತ್ತೆ ಕುಳಿತ. ಮತ್ತೆ ಎದ್ದ. ಮುಂದೆ ಕುಳಿತಿದ್ದ ಮುದುಕ ತನ್ನ ಅರ್ಜಿ ಅರ್ಧಕ್ಕೇ ನಿಂತಿದ್ದನ್ನು ನೋಡಿ ಕೆಮ್ಮಿದ.

ಗುಂಡವ್ವ ಪಾಳಿ ಬಿಟ್ಟು ಮುಂದೆ ಬಂದಳು. "ಧರೆಪ್ಪನವರ, ನಿಮ್ಮದು ಹೇಳೂದು ಏನರೆ ಐತೇನು? ಇದ್ರ ಈಗ ಹೇಳ್ರಿ. ಇನ್ನ ಅರ್ಧ ತಾಸಿಗೆ ನನ್ನ ಬಸ್ಸು."

ಅವನು ಗಂಟಲು ಸರಿಮಾಡಿಕೊಂಡ.

"ನೀವು ಓದಿ ಬರ್ರಿ. ಎರಡು ವರ್ಷ ಕಾಯ್ತೇನಿ."

"ಒಂದು."

"ಏನ್ರಿ?"

"ಕೋರ್ಸ್ ಮುಗಿಯಾಕ ಇರೂದು ಒಂದ ವರ್ಷ," ಗುಂಡವ್ವ ನಿಟ್ಟುಸಿರು ಬಿಟ್ಟಳು. "ಅಷ್ಟೂ ಕೇಳಿ ತಿಳಕೊಳ್ಳಲಾರದ ಕಾಯಾಕ ನಿಂತೀರಿ."

"ಹಂಗಾರ... ನಿಮ್ಮದು ಹೂಂ ಅಂತ ತಿಳೀಲೇನ್ರಿ?"

"ಮೊದಲ ಆ ಅಜ್ಜನ ಅರ್ಜಿ ಮುಗಸ್ರಿ," ಎಂದು ಅವಳು ಅವನ ಪಕ್ಕದ ಬೆಂಚಿನ ಮೇಲೆ ಕುಳಿತಳು. "ನಾ ಮುಂದಿನ ಬಸ್ಸಿಗೆ ಹೋಗ್ತೇನಿ."