ಆದಪ್ಪನ ಸ್ಟೀರಿಂಗ್

ಹದಿನಾಲ್ಕು ವರ್ಷದ ಹಿಂದೆ, ಲಿಂಗಸುಗೂರಿನ ಮನೆಯ ಅಂಗಳದಲ್ಲಿ, ಗಾಡಿಯ ಬಂಪರಿಗೆ ಬೆನ್ನು ಕೊಟ್ಟು ಕೂತಿದ್ದ ಅಪ್ಪನಿಗೆ ರೇಣುಕಾದೇವಿ ಒಂದು ಮಾತು ಕೊಟ್ಟಿದ್ದಳು. ಈ ಗಾಡಿಯ ಸ್ಟೀರಿಂಗನ್ನು ಬೇರೆ ಯಾರ ಕೈಗೂ ಕೊಡುವುದಿಲ್ಲ.

ಅಪ್ಪ ಆದಪ್ಪ ಮೂವತ್ತು ವರ್ಷ ಸರಕಾರಿ ಡ್ರೈವರ್. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗುವ ಆ ದೊಡ್ಡ ಡೀಸೆಲ್ ಗಾಡಿಯನ್ನು ಇಲಾಖೆ ಹರಾಜಿಗಿಟ್ಟಾಗ ಹಟ ಹಿಡಿದು ಮನೆಗೆ ತಂದವನು. ಮಗಳಿಗೆ ಅದರಲ್ಲೇ ಡ್ರೈವಿಂಗ್ ಕಲಿಸಿದವನು.

"ಸ್ಟೀರಿಂಗ್ ಬಿಟ್ಟುಕೊಟ್ಟ ದಿನ ನೀ ಹಿಂದಿನ ಸೀಟಿಗೆ ಹೋಗ್ತಿ ನೋಡವ್ವ," ಎಂದಿದ್ದ. "ಮೂವತ್ತು ವರ್ಷ ಕನ್ನಡ್ಯಾಗ ನೋಡೀನಿ. ಹಿಂದ ಕುಂತ ಹೆಣ್ಮಕ್ಳು ಎಲ್ಲಿಗೆ ಹೊಂಟೀವಿ ಅಂತ ಕೇಳೂದ ಇಲ್ಲ."

ಅದೇ ಮಳೆಗಾಲದಲ್ಲಿ ಅವನು ತೀರಿಕೊಂಡ. ಮಾತು ಉಳಿಯಿತು.

ಆ ಮಾತಿಗಾಗಿ ಒಂದು ಸಂಬಂಧವೂ ತಪ್ಪಿತ್ತು. ನೋಡಲು ಬಂದ ವರ ಚಹಾ ಕುಡಿದು, ಒಂದು ರೌಂಡ್ ಹೊಡೆದು ಬರುತ್ತೇನೆಂದು ಕೀಲಿಗೆ ಕೈ ಚಾಚಿದ. ಅವಳು ಕೊಡಲಿಲ್ಲ. ಅವನು ನಕ್ಕ, ಊರಿಗೆ ಹೋದ ಮೇಲೆ ಬೇಡವೆಂದು ಹೇಳಿ ಕಳಿಸಿದ. ಅವಳು ಅಳಲಿಲ್ಲ. ಆದರೆ ಅಂದಿನಿಂದ ಯಾವ ಗಂಡಸನ್ನು ಕಂಡರೂ ಮೊದಲು ನೋಡುವುದು ಅವನ ಕೈಯನ್ನೇ ಆಯಿತು.

ಈಗ ಅವಳಿಗೆ ಮೂವತ್ತಾರು. ಗುರುಗುಂಟಾದ ಪಶು ಆಸ್ಪತ್ರೆಯ ಡಾಕ್ಟರು. ಲಸಿಕೆಯ ಐಸ್ ಬಾಕ್ಸ್ ಹೊತ್ತು ರಸ್ತೆಯೇ ಇಲ್ಲದ ಕುರಿಹಟ್ಟಿಗಳಿಗೆ ಹೋಗಬೇಕು. ಗಾಡಿಗೂ ವಯಸ್ಸಾಗಿತ್ತು. ಸಿಂಧನೂರಿನ ಮೆಕ್ಯಾನಿಕ್ ಆನಂದಕುಮಾರ ಗದ್ದೆಯ ಕೆಸರಿನಲ್ಲಿ ಹೂತ ಟ್ರ್ಯಾಕ್ಟರನ್ನೂ ನಗಿಸಿ ಎಬ್ಬಿಸುತ್ತಾನೆ ಎಂದು ಯಾರೋ ಹೇಳಿದರು. ಮಸ್ಕಿ ದಾಟಿ ಅಲ್ಲಿಗೆ ಹೋದಳು.

ಟ್ರಯಲ್ ನೋಡಲೆಂದು ಅವನು ಕೀಲಿಗೆ ಕೈ ಚಾಚಿದ. ಅವಳು ಮುಷ್ಟಿ ಮುಚ್ಚಿದಳು. ಗಾಡಿ ತಾನೊಬ್ಬಳೇ ಓಡಿಸುವುದೆಂದಳು. ಅವನು ಚಾಚಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಆಗಲಿ ಎಂದ. ಅಷ್ಟೇ.

ರಿಪೇರಿ ಮಾಡಿಸಿ ಒಯ್ದ ಹತ್ತು ದಿನದ ಮೇಲೆ ಅದೇ ಗಾಡಿ ಗುರುಗುಂಟಾದ ಕಲ್ಲುದಾರಿಯಲ್ಲಿ ಹೋತಮರಿಯ ಹಾಗೆ ನೆಗೆಯಿತು. ಐಸ್ ಬಾಕ್ಸ್ ಮಗುಚಿ ಲಸಿಕೆಯ ಬಾಟಲಿಗಳೆಲ್ಲ ಒಡೆದವು. ಅವಳು ಆ ಬಾಕ್ಸನ್ನೇ ತಂದು ಆನಂದನ ಮುಂದೆ ತೆರೆದಿಟ್ಟಳು.

ಅವನು ಒಡೆದ ಗಾಜನ್ನು ನೋಡಿದ. ಗಾಡಿಯ ಕೆಳಗೆ ಹೋಗಿ ಬಂದ. ಎಷ್ಟು ಚೀಲ ಹೇರುತ್ತೀರಿ ಎಂದು ಕೇಳಿದ. ಏನು ಚೀಲ ಎಂದಳು ಅವಳು.

"ನೆಲ್ಲಿನ ಚೀಲ್ರಿ."

ಮೂಲೆಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದ ಚಾಂದ್‌ಪಾಷಾ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕ. ಸಿಂಧನೂರಿನಲ್ಲಿ ನಾಲ್ಕು ಚಕ್ರವಿದ್ದದ್ದು ಭತ್ತದ ಸುಗ್ಗಿಯಲ್ಲಿ ನೆಲ್ಲು ಹೇರಲೇಬೇಕು. ಆನಂದನ ಕೈಗೆ ಬೇರೆ ಲೆಕ್ಕವೇ ಗೊತ್ತಿರಲಿಲ್ಲ. ಹಿಂದಿನ ಚಕ್ರದ ಮೇಲಿನ ಕಮಾನುಪಟ್ಟಿಗಳ ಜೊತೆಗೆ ಇನ್ನೆರಡು ಸೇರಿಸಿ, ಹತ್ತು ಚೀಲ ತಡೆಯುವ ಹಾಗೆ ಬಿಗಿ ಮಾಡಿದ್ದ. ಗಾಡಿಯಲ್ಲಿ ಹೋಗುತ್ತಿದ್ದದ್ದು ಒಬ್ಬ ಡಾಕ್ಟರು, ಒಂದು ಬಾಕ್ಸು.

"ತಪ್ಪಾತ್ರಿ ಮೇಡಂ. ಕುಂತು ನೋಡದ ಗಾಡಿಗೆ ಕೈ ಹಚ್ಚಿದೆ."

"ಕೀಲಿ ಕೊಡಾಂಗಿಲ್ರಿ."

"ಬ್ಯಾಡ್ರಿ. ಬಾಜೂಕ ಕುಂಡ್ರತೀನಿ. ಕೇಳಿಸ್ಕೊಂತೀನಿ."

ಹೀಗೆ ಶನಿವಾರಗಳು ಶುರುವಾದವು.

ದಢೇಸುಗೂರಿನ ಕಡೆಗೆ, ಕಾಲುವೆಯ ಏರಿಯ ಮೇಲೆ ಅವಳು ಗಾಡಿ ಓಡಿಸುವಳು. ಅವನು ಎಡಸೀಟಿನಲ್ಲಿ ಕಣ್ಣು ಮುಚ್ಚಿ, ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಊರಿ ಕೂರುವನು. ಗೇರ್‌ಬಾಕ್ಸ್ ಏನೋ ಹೇಳುತ್ತದೆ, ಹಿಂದಿನ ಎಡಚಕ್ರದ ಬೇರಿಂಗ್ ಗುನುಗುತ್ತದೆ, ಎಲ್ಲ ಅವನಿಗೆ ಕೇಳುತ್ತಿತ್ತು. ಅಪ್ಪನಿಗೆ ಕೊಟ್ಟ ಮಾತನ್ನು ಅವಳು ಹೇಳಿದಾಗಲೂ ಹಾಗೆಯೇ ಕೇಳಿಸಿಕೊಂಡಿದ್ದ. ಪಕ್ಕದಲ್ಲಿ ಕೂತು ಬ್ರೇಕು, ಕ್ಲಚ್ಚು ಎಂದು ಕೂಗುವ ಗಂಡಸರನ್ನು ಅವಳು ನೋಡಿದ್ದಳು. ಕಣ್ಣು ಮುಚ್ಚಿ ಕೂತವನು ಇವನೊಬ್ಬನೇ.

ಹಾಗಾಗಿ ಅವಳು ನಿರಾತಂಕವಾಗಿ ಅವನನ್ನು ನೋಡಬಹುದಿತ್ತು. ಕಿವಿಯ ಕೆಳಗೆ ಒರೆಸಲು ಮರೆತ ಗ್ರೀಸಿನ ಗೆರೆ. ಹುಬ್ಬಿನಲ್ಲಿ ಒಂದೇ ಒಂದು ಬಿಳಿ ಕೂದಲು.

"ಮುಂದ ನೋಡ್ರಿ," ಎಂದ ಅವನು, ಕಣ್ಣು ತೆರೆಯದೆ.

"ನಿಮಗ ಹೆಂಗ ಗೊತ್ತಾತು?"

"ಗಾಡಿ ಎಡಕ್ಕ ಎಳದೈತಿ."

ಅವಳ ಕೆನ್ನೆ ಬಿಸಿಯಾಯಿತು. ಆಮೇಲೆ ಕಾಲುವೆ ಮುಗಿಯುವ ತನಕ ಗಾಡಿ ದಾರದ ಹಾಗೆ ನೇರ ಹೋಯಿತು.

ಅವನು ಬಿಗಿ ಪಟ್ಟಿಗಳನ್ನು ತೆಗೆದು ತೆಳುವಾದವನ್ನು ಹಾಕಿದ. ಶಾಕ್ ಅಬ್ಸಾರ್ಬರ್ ಬದಲಿಸಿದ. ಕಲ್ಲು ತಾಗದಂತೆ ಎಂಜಿನ್ನಿನ ತಳಕ್ಕೆ ದಪ್ಪ ತಗಡು ಕಟ್ಟಿದ. ಹಳ್ಳದ ನೀರು ಒಳಗೆ ಹೋಗದಂತೆ ಎಂಜಿನ್ ಉಸಿರಾಡುವ ಪೈಪನ್ನು ಟಾಪಿನ ಎತ್ತರಕ್ಕೆ ಏರಿಸಿದ. ಐಸ್ ಬಾಕ್ಸಿಗೆ ತೊಟ್ಟಿಲು ಮಾಡಿ, ಅದರಲ್ಲಿ ಆರು ಹಸಿ ಮೊಟ್ಟೆ ಇಟ್ಟು ಟ್ರಯಲ್ ಮಾಡಿಸುತ್ತಿದ್ದ. ಉಳಿದುಬಂದ ಮೊಟ್ಟೆಗಳು ಚಾಂದ್‌ಪಾಷಾನ ಆಮ್ಲೆಟ್ಟಿಗೆ.

ಟ್ರಯಲ್ ಮುಗಿಯುವುದು ಮಾತ್ರ ಯಾವಾಗಲೂ ಆನಂದನ ಮಗಳು ಮಮತಾಳ ಸ್ಕೂಲಿನ ಗೇಟಿನಲ್ಲಿ. ಹೆಂಡತಿ ತೀರಿಕೊಂಡು ಆರು ವರ್ಷ. ಶನಿವಾರ ಅರ್ಧ ದಿನದ ಸ್ಕೂಲು ಬಿಡುವ ಹೊತ್ತಿಗೆ ಅವನು ಅಲ್ಲಿರಲೇಬೇಕು. ಹುಡುಗಿ ಬ್ಯಾಗು ಎಸೆದು ಹಿಂದಿನ ಸೀಟು ಏರಿದವಳೇ ಎರಡೂ ಸೀಟುಗಳ ನಡುವೆ ತಲೆ ತೂರಿಸಿ ಕೇಳುತ್ತಿದ್ದಳು:

"ಎಲ್ಲಿಗೆ ಹೊಂಟೀವಿ?"

ಮೊದಲ ಸಲ ಅದನ್ನು ಕೇಳಿದಾಗ ರೇಣುಕಾದೇವಿ ಗೇರು ಹಾಕುವುದನ್ನು ಮರೆತು ಕನ್ನಡಿಯಲ್ಲಿ ಅವಳನ್ನೇ ನೋಡಿದ್ದಳು.

ಮಳೆ ಶುರುವಾದ ವಾರ ಚಾಂದ್‌ಪಾಷಾ ಬಾನೆಟ್ ಮುಚ್ಚಿ, ಇನ್ನು ಈ ಗಾಡಿಗೆ ರಿಪೇರಿ ಮಾಡುವಂಥದ್ದು ಏನೂ ಉಳಿದಿಲ್ಲವೆಂದು ಸಾರಿದ. ಆನಂದ ಏರ್ ಫಿಲ್ಟರ್ ಇನ್ನೊಮ್ಮೆ ತೆಗೆದು ನೋಡಿದ. ಅದರಲ್ಲಿ ದೂಳೇ ಇರಲಿಲ್ಲ. ಅವನೂ ರೇಣುಕಾದೇವಿಯೂ ಆ ಫಿಲ್ಟರನ್ನೇ ನೋಡುತ್ತ ನಿಂತರು.

"ಕಲ್ಲಿನ ಮ್ಯಾಲ ಒಮ್ಮಿ ನೋಡ್ಬೇಕಲ್ರಿ," ಎಂದಳು ಅವಳು. ಅವನಿಗೂ ಅದು ಸರಿ ಕಂಡಿತು.

ಗುರುಗುಂಟಾದಾಚೆ ಕುರಿಗಾರ ಬೀರಲಿಂಗನ ಕುರಿಗಳಿಗೆ ಲಸಿಕೆ ಹಾಕುವುದಿತ್ತು. ನಡುವಿನ ಹಳ್ಳದ ದಾರಿಯನ್ನು ಹೊಸ ಮಳೆ ಅಳಿಸಿಹಾಕಿತ್ತು. ಆಚೆ ದಂಡೆಯಲ್ಲಿ ಬೀರಲಿಂಗ ಕಂಬಳಿ ಹೊದ್ದು ಕಾಯುತ್ತಿದ್ದ.

ಆನಂದ ಇಳಿದು ಟೈರುಗಳ ಗಾಳಿ ಸ್ವಲ್ಪ ಬಿಟ್ಟ, ಕಲ್ಲನ್ನು ರಬ್ಬರು ಅಪ್ಪಿಕೊಳ್ಳಲೆಂದು. ಮುಂದೆ ನಿಂತು ದಾರಿ ತೋರಿಸತೊಡಗಿದ. ಆದರೆ ಅವನದು ಗದ್ದೆಯ ಕಣ್ಣು. ಒದ್ದೆ ಎಂದರೆ ಹೂಳು, ಒಣಗಿದ್ದೆಂದರೆ ಗಟ್ಟಿ. ಒಣಗಿದ ಕಲ್ಲುಗಳ ಮೇಲೆಯೇ ಕರೆದ. ಅವು ನಿನ್ನೆಯ ನೀರಿನಲ್ಲಿ ಉರುಳಿ ಬಂದ ಸಡಿಲ ಕಲ್ಲುಗಳು. ಚಕ್ರ ತಾಗಿದ್ದೇ ಜಾರಿದವು. ಗಾಡಿ ಓರೆಯಾಗಿ, ಹಿಂದಿನ ಒಂದು ಚಕ್ರ ಗಾಳಿಯಲ್ಲಿ ನಿಂತಿತು.

ಅವಳು ಎಂಜಿನ್ ಆರಿಸಿ ಇಳಿದಳು. ಎಂಟು ವರ್ಷ ನಡೆದಾಡಿದ ಹಳ್ಳ. ನೀರೊಳಗೆ ಕಪ್ಪಾಗಿ ಕೂತ ಕಲ್ಲುಗಳೇ ಅಲುಗದವು ಎಂದು ಅವಳ ಪಾದಕ್ಕೆ ಗೊತ್ತಿತ್ತು. ಆದರೆ ಅದನ್ನು ಹೇಳಿ ಮುಗಿಸಲಾಗದು. ಒಂದೊಂದನ್ನೂ ತುಳಿದು ತೋರಿಸಬೇಕು. ತೋರಿಸುವವಳು ತಾನಾದರೆ ಸೀಟಿನಲ್ಲಿ ಬೇರೆಯವರು ಕೂರಬೇಕು.

ಅವಳು ಕೀಲಿ ಚಾಚಿದಳು. ಅವನ ಕೈ ಮುಂದೆ ಬರಲಿಲ್ಲ.

"ಅಪ್ಪಗ ಮಾತು ಕೊಟ್ಟೀರಿ."

"ಹಿಂದಿನ ಸೀಟಿಗೆ ಹೋಗಬ್ಯಾಡ ಅಂದಿದ್ದ ನಮ್ಮಪ್ಪ. ನಾ ಮುಂದ ನಿಂದ್ರಾಕತ್ತೀನಿ." ಕೀಲಿಯನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. "ಕಲ್ಲು ನೋಡಬ್ಯಾಡ್ರಿ. ನನ್ನ ನೋಡ್ರಿ."

ಇಷ್ಟು ತಿಂಗಳು ಕಣ್ಣು ಮುಚ್ಚಿ ಕೂತವನಿಗೆ ಈಗ ನೋಡುವುದೇ ಕೆಲಸವಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಣಕಾಲುದ್ದ ನೀರಿನಲ್ಲಿ ಹಿಂದೆ ಹಿಂದೆ ಹೆಜ್ಜೆಯಿಡುತ್ತ ಅವಳು ಎರಡೂ ಅಂಗೈ ಎತ್ತಿ ಕರೆದಳು. ಗಾಡಿ ಮೊದಲು ಒಂದು ಮಾರು ಹಿಂದೆ ಸರಿದು ನೆಟ್ಟಗಾಯಿತು. ಆಮೇಲೆ ಕಡಿಮೆ ಗೇರಿನಲ್ಲಿ, ಎಳೆಗರುವಿನ ಹಾಗೆ, ಅವಳ ಕೈಯನ್ನೇ ನಂಬಿ ಬಂತು. ಎಡಕ್ಕೆ, ಸ್ವಲ್ಪ ಬಲಕ್ಕೆ, ಇನ್ನೂ ಸ್ವಲ್ಪ. ದಂಡೆ ಹತ್ತಿ ಅವಳಿಂದ ಒಂದು ಗೇಣು ದೂರದಲ್ಲಿ ನಿಂತಿತು. ಬಾಟಲಿಗಳ ಸದ್ದೂ ಇಲ್ಲ.

ಬೀರಲಿಂಗ ಎಲೆಯಡಿಕೆ ಉಗುಳಿ, ಡಾಕ್ಟ್ರವ್ವ ಡ್ರೈವರನ್ನು ಯಾವಾಗ ಇಟ್ಟುಕೊಂಡಳು ಎಂದು ಕೇಳಿ, ಉತ್ತರಕ್ಕೆ ಕಾಯದೆ ಕುರಿ ಕೂಡಿಹಾಕಲು ಹೋದ.

ಆನಂದ ಇನ್ನೂ ನೋಡುತ್ತಲೇ ಇದ್ದ.

"ಹಳ್ಳ ದಾಟೀರಿ," ಎಂದಳು ಅವಳು. "ಸಾಕು ನೋಡಿದ್ದು."

"ನಿಮ್ಮ ಕೈ ಇನ್ನಾ ಮ್ಯಾಲ ಐತ್ರಿ."

ನೋಡಿಕೊಂಡಳು. ನಿಜವೇ. ಇಳಿಸಿದಳು.

"ರೇಣುಕಾ," ಎಂದ. ಮೇಡಂ ಎನ್ನಲಿಲ್ಲ. "ರಿಪೇರಿ ಮುಗದೈತಿ. ಶನಿವಾರ ಬಂದ್ರ ನಾ ಏನ್ ಮಾಡ್ಲಿ?"

"ಶನಿವಾರ ಅಷ್ಟ ಯಾಕ? ಮಮತಾನ್ನ ಕರಕೊಂಡು ನಮ್ಮ ಮನಿಗೇ ಬಂದಬಿಡ್ರಿ."

ಅವಳು ಸುತ್ತಿ ಬಂದು, ಮೊದಲ ಬಾರಿಗೆ, ಎಡಸೀಟಿನಲ್ಲಿ ಕೂತಳು. ಡ್ಯಾಶ್‌ಬೋರ್ಡಿನ ಮೇಲೆ ಅವನ ಅಂಗೈ ಊರಿ ಊರಿ ಒಂದು ಜಾಗ ನುಣುಪಾಗಿತ್ತು. ಅಲ್ಲಿ ತನ್ನ ಕೈ ಇಟ್ಟಳು.

"ಎಲ್ಲಿಗೆ ಹೊಂಟೀವಿ?"

"ನೀ ಹೇಳ್ಬೇಕು," ಎಂದ ಅವನು.

ಅವಳು ಹಟ್ಟಿಯ ದಾರಿ ತೋರಿಸಿದಳು. ಅಪ್ಪನಿಗೆ ಕೊಟ್ಟ ಮಾತನ್ನು ರೇಣುಕಾದೇವಿ ಅಂದು ಮುರಿದಳು.