ಮುಂದಿನ ಆಸನದ ಮರಳು

“ಫ್ಯಾಮಿಲೀತೋ ಬೀಚ್‌ಕಿ ವೆಳ್ಳೊಚ್ಚಾಂ, ಮೇಡಂ. ಲೋಪಲ ಅಂತಾ ಇಸುಕೇ.”

ಕುಟುಂಬದೊಡನೆ ಸಮುದ್ರತೀರಕ್ಕೆ ಹೋಗಿಬಂದೆವು, ಒಳಗೆಲ್ಲ ಬರೀ ಮರಳು ಎಂದು ತೆಲುಗಿನಲ್ಲಿ ಹೇಳುತ್ತಾ ಆ ಯುವಕನು ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟನು.

ಸಂಯುಕ್ತಾ ತಲೆಯೆತ್ತಿದಳು. ತಾರ್ನಾಕದ ವಿಶ್ವವಿದ್ಯಾಲಯದ ಹಳೆಯ ಗೋಡೆಗೆ ಎದುರಾಗಿ, ಕಾರುಗಳ ಒಳಭಾಗವನ್ನು ಶುಚಿಗೊಳಿಸುವ ಪುಟ್ಟ ಕಾರ್ಯಾಗಾರ ಅವಳದು. ಸಮುದ್ರವಿಲ್ಲದ ಊರಿನ ಜನ ಶನಿವಾರ ಸೂರ್ಯಲಂಕೆಯ ಕಡಲಿಗೆ ಹೋಗಿ, ಅಲೆಗಳನ್ನು ಅಲ್ಲಿಯೇ ಬಿಟ್ಟು, ತೀರವನ್ನು ಮಾತ್ರ ಕಾರಿನಲ್ಲಿ ಹೊತ್ತು ತರುತ್ತಿದ್ದರು. ಆದುದರಿಂದ ಸೋಮವಾರವೆಂದರೆ ಅವಳಿಗೆ ಮರಳಿನ ದಿನ.

ಅಷ್ಟರಲ್ಲಿ ಅವನ ಫೋನು ಸದ್ದುಮಾಡಿತು.

“ಹೂಂನಪ್ಪಾ, ಕಾರು ಬಿಟ್ಟ ಬರಾಕತ್ತೀನಿ.”

ಕನ್ನಡ ಕಿವಿಗೆ ಬಿದ್ದೊಡನೆ ಅವಳ ಮುಖ ಅರಳಿತು. “ನಮ್ಮ ಕಡೆಯವರೇನ್ರಿ ನೀವು? ಎಷ್ಟ ಮಂದಿ ಹೋಗಿದ್ರಿ? ಸಣ್ಣ ಮಕ್ಕಳಿದ್ರ ಸೀಟಿನ ಸಂದ್ಯಾಗೆಲ್ಲಾ ಉಸುಕು ಇಳದಿರ್ತೈತಿ, ಅದಕ್ಕ ಕೇಳಿದೆ.”

ಅವಳ ಮುಖ ಅರಳಿದ ಹೊತ್ತಿನಲ್ಲಿಯೇ ಅವನ ಮುಖ ಮುದುಡಿತು. ಕಣ್ಣು ಒಮ್ಮೆ ಬೀದಿಯ ಕಡೆಗೆ ಹೋಗಿ ಬಂತು.

“ಇಲ್ರಿ... ನಾ ಒಬ್ನ ಹೋಗಿದ್ದೆ.”

ಅರ್ಧ ನಿಮಿಷದೊಳಗೆ ಎರಡು ಉತ್ತರ! ತೆಲುಗಿನಲ್ಲಿ ಕುಟುಂಬ, ಕನ್ನಡದಲ್ಲಿ ಏಕಾಂಗಿ... ಸಂಯುಕ್ತಾ ದಾಖಲೆ ಪುಸ್ತಕವನ್ನು ಮುಂದೆ ನೂಕಿದಳು. ಅವನು ಬರೆದನು: ಸಮರ್ಥ್ ಹನುಮಂತರಾಯ.

ಆ ದಿನ ಕಾರು ಅವಳಿಗೆ ಮತ್ತಷ್ಟು ಹೇಳಿತು. ಚಾಲಕನ ಆಸನದ ಹಿಂಬದಿಗೆ ಮಗುವಿನ ಎರಡು ಪಾದಗಳ ಗುರುತು. ಮುಂದಿನ ಎಡ ಆಸನದ ಕೆಳಗೆ ಮರಳಿನ ಗುಡ್ಡೆ, ಅದರೊಳಗೊಂದು ಕೂದಲಿನ ಪಿನ್ನು. ಒಬ್ಬನೇ ಹೋದವನ ಪಕ್ಕದಲ್ಲಿ ಕುಳಿತವರಾರು?

ತಿಂಗಳಿಗೊಮ್ಮೆ ಅವನು ಬರುತ್ತಲೇ ಇದ್ದನು. ಕಾರು ಬಿಟ್ಟು ಹೋಗುವ ಬದಲು ನಿಂತು, ಮ್ಯಾಟುಗಳನ್ನು ಬಿಸಿಲಿಗೆ ಹಾಕಿ ಬಡಿಯಲು ಕೈಜೋಡಿಸುತ್ತಿದ್ದನು.

“ಪೈಪ್ ಹಿಡದ್ರ ಐದ ನಿಮಿಷದ ಕೆಲಸ. ಯಾಕ ಇಷ್ಟ ಸಾಯ್ತೀರಿ?”

“ಹಸಿ ಉಸುಕಿಗೆ ನೀರು ಬಿಟ್ರ ಅದು ಇನ್ನೂ ಒಳಗ ಹೋಗಿ ಅಡಗಿ ಕೂಡ್ತೈತಿ. ಒಣಗಾಕ ಬಿಡಬೇಕ್ರಿ. ತಾನ ಉದುರ್ತೈತಿ.”

“ಅಷ್ಟ ತಾಳ್ಮಿ ಎಲ್ಲಿಂದ ತಂದ್ರಿ?”

“ನಿಮ್ಮಂಥ ಗಿರಾಕಿಗಳು ಕಲಿಸ್ತಾರ.”

ಅವನು ನಕ್ಕನು. ಆ ನಗುವಿನಲ್ಲಿ ಕಪಟದ ಲೇಶವೂ ತೋರುತ್ತಿರಲಿಲ್ಲ. ಸಂಯುಕ್ತಾಳಿಗೆ ಅದೇ ಭಯ. ನಿರ್ಮಲವಾಗಿ ನಗುವವನು ಅಷ್ಟೇ ನಿರ್ಮಲವಾಗಿ ಸುಳ್ಳನ್ನೂ ಹೇಳಬಲ್ಲನೇ? ಮನಸ್ಸು ಅವನೆಡೆಗೆ ಒಂದು ಹೆಜ್ಜೆ ಇಟ್ಟಾಗಲೆಲ್ಲ ಶಂಕೆ ಎರಡು ಹೆಜ್ಜೆ ಹಿಂದೆ ಎಳೆಯುತ್ತಿತ್ತು.

ಹೀಗಿರುವಾಗ ಕಾರ್ತಿಕದಲ್ಲಿ ನಾರಾಯಣಗೂಡದಲ್ಲಿ ನಡೆದ ಪುರಾಣ ಪ್ರವಚನಕ್ಕೆ ಹೋದ ಅವಳ ತಾಯಿ ಸುಭದ್ರಾ, ಸಂಬಂಧವೊಂದನ್ನು ಹೊತ್ತು ಮನೆಗೆ ಬಂದರು. ವರನು ಸಮರ್ಥನೇ! ಅವನ ತಂದೆ ಹನುಮಂತರಾಯರು ರಕ್ಷಣಾ ಕಾರ್ಖಾನೆಯಿಂದ ನಿವೃತ್ತರಾದವರು. ಸುಭದ್ರಮ್ಮನವರ ದಿವಂಗತ ಪತಿಯೂ ಅಲ್ಲಿಯೇ ದುಡಿದವರು.

“ಹುಡುಗ ಶ್ಯಾಣ್ಯಾ. ಮನಿತನ ಗೊತ್ತಿದ್ದದ್ದು. ಅಕ್ಕನ್ನ ಬೀದರಕ್ಕ ಕೊಟ್ಟಾರ. ಮನ್ಯಾಗ ಅಪ್ಪ-ಮಗ ಇಬ್ರ. ಮುಂದಿನ ಆಯ್ತವಾರ ಉತ್ತರ ಹೇಳ್ತೀವಿ ಅಂದೀನಿ.”

“ಇಬ್ರ ಅಂತ ಅವರ ಹೇಳಿದ್ರೇನವ್ವಾ?”

“ಮತ್ತ ನಾ ಹೋಗಿ ತಲಿ ಎಣಿಸಿ ಬರ್ಲೇನು?”

ಸಂಯುಕ್ತಾ ಮನಸ್ಸಿನಲ್ಲಿಯೇ ಎಣಿಸಿದಳು: ಅಪ್ಪ, ಮಗ, ಪಿನ್ನಿನ ಹೆಣ್ಣು, ಮಗು. ಇಬ್ಬರೇ ಇರುವ ಮನೆಯ ಕಾರಿನಲ್ಲಿ ನಾಲ್ವರ ಮರಳು!

ಮರುದಿನ ಸೋಮವಾರ. ಎಂದಿನಂತೆ ಅವನು ಕಾರು ತಂದನು. ಅಂದು ಕಚೇರಿಯ ತುರ್ತಿನಿಂದ ಬೇಗ ಹೊರಟನು.

ಕಾರಿನಿಂದ ತೆಗೆದ ಮರಳನ್ನು ಜರಡಿ ಹಿಡಿಯದೆ ಚೆಲ್ಲಬಾರದೆಂಬುದು ಸಂಯುಕ್ತಾಳ ನಿಯಮ. ಓಲೆ, ಗುಂಡಿ, ತಾಯಿತ, ಸಿಕ್ಕದ್ದೆಲ್ಲ ಪೊಟ್ಟಣ ಸೇರಬೇಕು. ವಸ್ತು ಯಾರದೋ ಅವರೇ ಬಂದು ಪುಸ್ತಕದಲ್ಲಿ ಸಹಿ ಮಾಡಿ ಒಯ್ಯಬೇಕು. ಯಾದಗಿರಿಯ ಕಡೆಯ ಗದಿಗೆಮ್ಮ ಅವಳ ಕೆಲಸಗಾತಿ. ಜರಡಿ ಅಲ್ಲಾಡಿಸುತ್ತಿದ್ದವಳು ಥಟ್ಟನೆ ನಿಂತಳು.

“ಅಕ್ಕಾರ, ಇಲ್ಲಿ ನೋಡ್ರಿ.”

ಅಂಗೈಯಲ್ಲಿ ಬೆಳ್ಳಿಯ ಕಾಲುಂಗುರ.

“ಎಲ್ಲಿತ್ತು?”

“ಮುಂದಿನ ಸೀಟಿನ ಬುಡಕ. ಭಾಳ ಸವದೈತಿ ನೋಡ್ರಿ. ಆರೇಳು ವರ್ಷ ಕಾಲಾಗ ಇದ್ದದ್ದು.” ಗದಿಗೆಮ್ಮ ಅವಳ ಮುಖ ನೋಡಿ ದನಿ ತಗ್ಗಿಸಿದಳು. “ಲಗ್ನ ಆದಾಕಿದು ಅಕ್ಕಾರ...”

ಸಂಯುಕ್ತಾ ಕಾಲುಂಗುರವನ್ನು ಪೊಟ್ಟಣದೊಳಗೆ ಹಾಕಿದಳು. ಕನ್ನಡದ ಮನೆಯ ಹೆಣ್ಣು ಧಾರೆಯ ದಿನ ಧರಿಸಿದ ಕಾಲುಂಗುರವನ್ನು ಸುಮ್ಮನೆ ತೆಗೆದಿಡುವುದಿಲ್ಲ. ಹಾಗಾದರೆ ಪ್ರತಿ ತಿಂಗಳು ಆ ಆಸನದಲ್ಲಿ ಕುಳಿತು ಹೋಗುವವಳು...

ಸಂಜೆ ಸಮರ್ಥ್ ಬಂದಾಗ ಅವಳು ಪೊಟ್ಟಣವನ್ನು ಮೇಜಿನ ಮೇಲಿಟ್ಟು ಬಿಚ್ಚಿದಳು. ಅವನ ಮುಖ ಬಿಳಚಿತು.

“ಕೊಡ್ರಿ. ನಂದ ಅದು.”

“ನಿಮ್ದಾ? ಯಾವ ಬೆರಳಿಗೆ ಹಾಕ್ಕೋತೀರಿ?”

ಹಿಂದೆ ನಿಂತಿದ್ದ ಗದಿಗೆಮ್ಮ ಕಿಸಕ್ಕನೆ ನಕ್ಕು, ಕೂಡಲೇ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಸಂಯುಕ್ತಾ, ನಾ ಹೇಳೂದು—”

“ಹೇಳೂದು ಬ್ಯಾಡ್ರಿ. ನಿಮ್ಮ ಮಾತು ತೆಲುಗಿಗೊಂದು, ಕನ್ನಡಕ್ಕೊಂದು ಇರ್ತೈತಿ. ಇದು ಯಾರದೋ ಅವರು ಬಂದು ಸಹಿ ಮಾಡ್ಲಿ. ಆಯ್ತವಾರದೊಳಗ. ಇಲ್ಲಂದ್ರ ನಮ್ಮ ಅವ್ವ ಏನ ಉತ್ತರ ಹೇಳ್ತಾಳ ಅನ್ನೂದು ನಿಮಗ ಗೊತ್ತೈತಿ.”

ಅವನು ಆ ಕಾಲುಂಗುರದತ್ತ ಚಾಚಿದ್ದ ಕೈಯನ್ನು ಹಿಂದೆಳೆದುಕೊಂಡನು.

“ಅದು ನನ್ನ ಕೈಯಾಗಿಲ್ರಿ” ಎಂದಷ್ಟೇ ನುಡಿದು ಕೀಲಿ ತೆಗೆದುಕೊಂಡು ಹೊರಟನು.

ಸುಳ್ಳನ್ನಾದರೂ ಹೇಳಬಾರದಿತ್ತೇ? ನಂಬುವ ಹಾಗೆ ಒಂದು ಸುಳ್ಳು... ಈ ಯೋಚನೆ ತನ್ನದೇ ಎಂದು ಅರಿತಾಗ ಸಂಯುಕ್ತಾಳಿಗೆ ನಾಚಿಕೆಯಾಯಿತು, ಅಳುವೂ ಬಂತು. ಮೂರು ದಿನ ಪ್ರಾತಃಕಾಲದ ದೀಪಕ್ಕೆ ಕೈಮುಗಿದು ಜಪಕ್ಕೆ ಕುಳಿತಳು. ಮಣಿ ಜಾರುತ್ತಿತ್ತು, ನಾಮ ಮರೆಯುತ್ತಿತ್ತು. ಕಣ್ಣು ಮುಚ್ಚಿದರೆ ಕಾಣುತ್ತಿದ್ದುದು ಮುಖವಿಲ್ಲದ ಒಬ್ಬ ಹೆಣ್ಣಿನ ಪಾದಗಳು.

ಶುಕ್ರವಾರ ಮುಂಜಾನೆ ಆ ಪಾದಗಳೇ ಕಾರ್ಯಾಗಾರದ ಮುಂದೆ ಆಟೋದಿಂದ ಇಳಿದವು.

ಸಂಯುಕ್ತಾ ಮೊದಲು ನೋಡಿದ್ದು ಪಾದಗಳನ್ನೇ. ಎರಡೂ ಕಾಲಿನ ಎರಡನೆಯ ಬೆರಳು ಬರಿದು. ಅಲ್ಲಿ ಬಿಸಿಲು ತಾಗದ ಬಿಳಿಯ ಗೆರೆ. ಬಳಿಕ ಮುಖ ನೋಡಿದಳು: ಮೂವತ್ತರ ಆಸುಪಾಸಿನ ಹೆಣ್ಣು, ಹಣೆಯಲ್ಲಿ ಚಿಕ್ಕ ಕುಂಕುಮ, ಕೈಹಿಡಿದು ನಿಂತ ಐದು ವರ್ಷದ ಬಾಲಿಕೆ.

ಬಂದೇಬಿಟ್ಟಳು... ಹೆಂಡತಿ, ಮಗು, ಇಬ್ಬರೂ!

“ಸಂಯುಕ್ತಾ ಅಂದ್ರ ನೀವ ಅಲ್ರಿ? ಸಹಿ ಮಾಡಾಕ ಬಂದೀನಿ.”

ಸಂಯುಕ್ತಾ ಪುಸ್ತಕವನ್ನು ಚಾಚಿದಳು. ಆಕೆ ಲೇಖನಿ ಹಿಡಿದು ‘ನಿರೀಕ್ಷಾ’ ಎಂದು ಬರೆದು, ತಡೆದು ನಿಂತಳು. ಮುಂದೆ ಯಾರ ಹೆಸರು ಬರೆಯಬೇಕೆಂಬುದನ್ನು ಆ ಗಳಿಗೆಯಲ್ಲಿಯೇ ನಿರ್ಧರಿಸುವವಳಂತೆ ಉಸಿರೆಳೆದುಕೊಂಡು ಮುಂದುವರಿಸಿದಳು.

ನಿರೀಕ್ಷಾ ಹನುಮಂತರಾಯ.

ಅದೇ ಪುಟದ ಮೇಲಿನ ಸಾಲಿನಲ್ಲಿ ‘ಸಮರ್ಥ್ ಹನುಮಂತರಾಯ’ ಎಂದಿತ್ತು. ಒಂದೇ ತಂದೆಯ ಹೆಸರು.

“ನೀವು... ಬೀದರದ ಅಕ್ಕ?”

“ಬೀದರ ಬಿಟ್ಟು ಏಳು ತಿಂಗಳಾತ್ರಿ. ಇನ್ನ ಅಲ್ಲಿಗೆ ಹೋಗೂದಿಲ್ಲ.” ನಿರೀಕ್ಷಾ ಮಗಳ ತಲೆ ನೇವರಿಸಿದಳು. “ಲಹರೀ, ಆ ಅಜ್ಜಿ ಜೋಡಿ ಹೋಗಿ ನೀರಿನ ಪೈಪ್ ನೋಡ್ಹೋಗು.”

ಗದಿಗೆಮ್ಮ ಮಗುವನ್ನು ಕರೆದೊಯ್ದ ಮೇಲೆ ಆಕೆ ರವಿಕೆಯ ತೋಳನ್ನು ಸ್ವಲ್ಪ ಮೇಲಕ್ಕೆ ಸರಿಸಿದಳು. ಅಲ್ಲಿ ವಾಸಿಯಾದ ಗಾಯದ ಉದ್ದನೆಯ ಕಲೆಯಿತ್ತು. ಸಂಯುಕ್ತಾ ಮುಂದೆ ಏನನ್ನೂ ಕೇಳಬೇಕಾಗಲಿಲ್ಲ.

“ಕೋರ್ಟಿನ್ಯಾಗ ಕೇಸ್ ನಡದೈತಿ. ಗಂಡನ ಮಂದಿ ಈ ಊರಾಗೂ ಇದ್ದಾರ. ಹುಡುಗೀನ ಎತ್ಕೊಂಡ ಹೋಗ್ತೀವಿ ಅಂದಾರ. ಅದಕ್ಕ ನಾವು ಅಪ್ಪನ ಮನ್ಯಾಗ ಇದ್ದದ್ದು ಯಾರಿಗೂ ಹೇಳಿಲ್ಲ. ತೆಲುಗಿನವರ ಮುಂದ ಅಂಜಿಕಿ ಇಲ್ರಿ. ಕನ್ನಡ ಕೇಳಿದ್ರ ಮಾತ್ರ ಎದಿ ಧಸಕ್ ಅಂತೈತಿ. ನಮ್ಮವರು ಒಬ್ರಿಗೆ ಗೊತ್ತಾದ್ರ ಬೀದರಕ್ಕ ಮುಟ್ಟಾಕ ಎಷ್ಟ ಹೊತ್ತು?”

ಎರಡು ಭಾಷೆಯ ಎರಡು ಉತ್ತರ ಸಂಯುಕ್ತಾಳ ಕಿವಿಯಲ್ಲಿ ಮತ್ತೊಮ್ಮೆ ನುಡಿಯಿತು. ಅಂದು ಅವನಿಗೆ ಭಯವಾದದ್ದು ಅವಳ ಕನ್ನಡದಿಂದಲೇ!

“ಲಹರಿ ಬಂದಾಗಿಂದ ನಗ್ತಿರ್ಲಿಲ್ರಿ. ಮೊದಲ ಸಲ ನಕ್ಕದ್ದು ಸಮುದ್ರದಾಗ. ಅದಕ್ಕ ತಮ್ಮ ತಿಂಗಳಿಗೊಮ್ಮೆ ಕರಕೊಂಡ ಹೋಗ್ತಾನ. ಈ ಸಲ ನಾ ಎರಡೂ ಕಾಲುಂಗುರ ತಗದೆ. ಒಂದು ನೀರಿಗೆ ಬಿಟ್ಟೆ. ಎರಡನೇದು ಬಿಡಾಕ ಕೈ ಬರ್ಲಿಲ್ಲ... ಮುಷ್ಟ್ಯಾಗ ಹಿಡಕೊಂಡ ಕಾರಿನ್ಯಾಗ ಕೂತೆ. ನಿದ್ದಿ ಹತ್ತಿತು, ಎಲ್ಲೋ ಜಾರಿತು. ಕಳದ್ರ ಕಳೀಲಿ, ಪಾಪ ನನಗ ತಗಲೂದಿಲ್ಲ ಅಂತ ಸಮಾಧಾನ ಮಾಡ್ಕೊಂಡಿದ್ದೆ.” ಆಕೆ ತೆಳುವಾಗಿ ನಕ್ಕಳು. “ನಿಮ್ಮ ಜರಡಿ ಬಿಡ್ಲಿಲ್ಲ ನೋಡ್ರಿ.”

“ಇಷ್ಟ ಅಪಾಯ ಇದ್ದಾಗ ನೀವ್ಯಾಕ ಬಂದ್ರಿ?”

“ಅವ ಹೇಳೂದಿಲ್ಲ ಅಂದ. ‘ನಿನ್ನ ಗುಟ್ಟು ಕೊಟ್ಟು ನನ್ನ ಲಗ್ನ ಮಾಡ್ಕೊಳ್ಳಂಗಿಲ್ಲ ಅಕ್ಕಾ’ ಅಂದ. ಮೂರು ದಿನಾತು, ಊಟಕ್ಕ ಕೂತು ತುತ್ತು ಮುರಿಯೂದಿಲ್ಲ. ನನ್ನ ಸಂಸಾರ ಮುರೀತು. ನನ್ನ ಸಲುವಾಗಿ ಅವಂದು ಸುರು ಆಗೂ ಮೊದಲ ಮುರೀಬಾರ್ದಲ್ರಿ.”

ಸಂಯುಕ್ತಾ ಪೊಟ್ಟಣವನ್ನು ಎರಡೂ ಕೈಗಳಲ್ಲಿ ಹಿಡಿದು ಕೊಟ್ಟಳು. ಕಣ್ಣು ತುಂಬಿದ್ದರಿಂದ ಪುಸ್ತಕದ ಅಕ್ಷರಗಳು ಕಾಣದಾದವು.

“ಅಕ್ಕಾ, ಈ ಪುಟ ನನ್ನ ಬಿಟ್ಟು ಯಾರೂ ನೋಡೂದಿಲ್ಲ. ಈ ಉಂಗುರ ಬಿಡಾಕ ಮತ್ತ ಸಮುದ್ರಕ್ಕ ಹೋಗ್ತೀರೇನ್ರಿ?”

“ಒಬ್ಬಾಕಿಗೆ ಧೈರ್ಯ ಸಾಲವಲ್ದು.”

“ಕಾರಿನ್ಯಾಗ ಇನ್ನೊಂದು ಸೀಟು ಇದ್ದರ ನಾನೂ ಬರ್ತೀನಿ.”

ಶನಿವಾರ ನಸುಕಿನಲ್ಲಿ ಸುಭದ್ರಮ್ಮನವರು ಬುತ್ತಿಯ ಗಂಟು ಕೊಟ್ಟು ಮಗಳನ್ನು ಹನುಮಂತರಾಯರೊಡನೆ ಕಳುಹಿಸಿದರು. ಸಂಯುಕ್ತಾ ತಾಯಿಗೆ ಹೇಳಿದ್ದು ಒಂದೇ ಮಾತು: “ಉತ್ತರ ಸೋಮವಾರ ಹೇಳ್ತೀನವ್ವಾ, ಒಂದ ದಿನ ಹೆಚ್ಚು ಕೊಡು.”

ಕಾರಿನ ಬಳಿ ನಿಂತಿದ್ದ ಸಮರ್ಥ್ ಅವಳನ್ನು ನೋಡಿ ತಲೆ ತಗ್ಗಿಸಿದನು. ಹಿಂದಿನ ಆಸನದಲ್ಲಿ ಹನುಮಂತರಾಯರು, ನಿರೀಕ್ಷಾ, ಲಹರಿ. ಉಳಿದದ್ದು ಮುಂದಿನ ಎಡ ಆಸನ ಮಾತ್ರ.

ಸೂರ್ಯಲಂಕೆಯಲ್ಲಿ ಹನುಮಂತರಾಯರು ಮೊಮ್ಮಗಳಿಗೆ ಮರಳಿನ ಲಿಂಗ ಮಾಡುವುದನ್ನು ಕಲಿಸುತ್ತಾ ಕುಳಿತರು. ನಿರೀಕ್ಷಾ ಮೊಣಕಾಲಷ್ಟು ನೀರಿಗಿಳಿದಳು. ಸಂಯುಕ್ತಾ ಅವಳ ಎಡಗೈಯನ್ನು ಹಿಡಿದಿದ್ದಳು. ಆಕೆ ಸಾಗರಕ್ಕೆ ನಮಸ್ಕರಿಸಿ, ಬಲಮುಷ್ಟಿಯನ್ನು ನೀರಿನೊಳಗೆ ಅದ್ದಿ ತೆರೆದಳು. ಅಲೆ ಹಿಂದೆ ಸರಿಯಿತು. ಕೈ ಮೇಲೆ ಬಂದಾಗ ಬರಿದಾಗಿತ್ತು. ಆಕೆ ಅಳಲಿಲ್ಲ, ಸಂಯುಕ್ತಾಳ ಕೈಯನ್ನು ಬಿಡಲೂ ಇಲ್ಲ.

ತೀರದಲ್ಲಿ ಸಮರ್ಥ್ ಸಂಯುಕ್ತಾಳ ಪಕ್ಕದಲ್ಲಿ ನಡೆದನು.

“ನಿಮಗ ಸುಳ್ಳು ಹೇಳಿದೆ. ತಪ್ಪಾತು.”

“ಗುಟ್ಟು ಹೇಳಬೇಕಂತ ಇರ್ಲಿಲ್ರಿ. ‘ಹೇಳಾಕ ಬರೂದಿಲ್ಲ, ನಂಬು’ ಅಂದಿದ್ರ ಸಾಕಿತ್ತು.”

“ಅಂದಿದ್ರ ನಂಬ್ತಿದ್ರೇನು?”

ಅವಳು ಯೋಚಿಸಿದಳು. “ಇಲ್ಲ... ಆಗ ನಂಬ್ತಿರ್ಲಿಲ್ಲ. ಅದು ನನ್ನ ತಪ್ಪು.”

ಸೋಮವಾರ ಕಾರು ಕಾರ್ಯಾಗಾರಕ್ಕೆ ಬಂತು. ಬಿಸಿಲಿನಲ್ಲಿ ಮ್ಯಾಟುಗಳು ಒಣಗಿದವು. ಸಮರ್ಥ್ ಬಡಿದನು, ಗದಿಗೆಮ್ಮ ಗುಡಿಸಿದಳು, ಸಂಯುಕ್ತಾ ತಾನೇ ಜರಡಿ ಹಿಡಿದಳು. ಮ್ಯಾಟುಗಳ ಮರಳೆಲ್ಲ ಇಳಿದ ಮೇಲೆ ಮೇಲುಳಿದದ್ದು ಒಂದು ಒಡಕು ಕಪ್ಪೆಚಿಪ್ಪು.

“ಏನೂ ಸಿಗ್ಲಿಲ್ರಿ” ಎಂದಳು.

“ಮುಚ್ಚಿಡಾಕ ಏನೂ ಉಳದಿಲ್ಲ.”

ಅವಳು ಪುಸ್ತಕ ತೆರೆದು, ಮೊದಲ ದಿನದ ಗಾಂಭೀರ್ಯದಲ್ಲಿಯೇ ಕೇಳಿದಳು. “ಎಷ್ಟ ಮಂದಿ ಹೋಗಿದ್ರಿ?”

“ಐದು ಮಂದಿ” ಎಂದನು ಸಮರ್ಥ್, ಕನ್ನಡದಲ್ಲಿ, ಅವಳ ಕಣ್ಣನ್ನೇ ನೋಡುತ್ತ. “ಅಪ್ಪ, ಅಕ್ಕ, ಲಹರಿ, ನಾನು. ಮುಂದಿನ ಸೀಟಿನ್ಯಾಗ ಯಾರ ಕೂತಿದ್ರು ಅನ್ನೂದು ಇನ್ನೂ ಗೊತ್ತಾಗಿಲ್ರಿ. ಆಯ್ತವಾರದ ಉತ್ತರ ಬರ್ಲಿಲ್ಲ.”

ಸಂಯುಕ್ತಾ ನಗುವನ್ನು ತಡೆದುಕೊಂಡು ಆಸನ ಗುಡಿಸುವ ಕುಂಚಕ್ಕಾಗಿ ಕೈ ಚಾಚಿದಳು. ಅಷ್ಟರಲ್ಲಿ ಅವನೇ ಅದನ್ನೆತ್ತಿ ಮುಂದಿನ ಎಡ ಆಸನದತ್ತ ಬಾಗಿದನು.

“ಆ ಸೀಟಿಂದು ಝಾಡಿಸಬ್ಯಾಡ್ರಿ” ಎಂದಳು.

“ಯಾಕ್ರಿ? ಯಾರದೋ ಉಸುಕು...”

“ಯಾರದೋ ಅಲ್ರಿ. ನಂದು.” ಅವಳು ಪುಸ್ತಕದಲ್ಲಿ ಐದನೆಯ ಹೆಸರಾಗಿ ತನ್ನ ಹೆಸರನ್ನೇ ಬರೆದು ಅವನ ಕಡೆಗೆ ತಿರುಗಿಸಿದಳು. “ಇರ್ಲಿ ಬಿಡ್ರಿ. ನಾ ಮತ್ತ ಅಲ್ಲೇ ಕೂಡಾಕಿ.”